ಹೆಸರು ಬರುವ ಮುಂಚೆ

"ಅಪ್ಪಾಜಿ, ನಿಮ್ಮ ಹೆಸರೇನು?"

ಕೇಳಿದ್ದು ಎದುರಿನ ಕುರ್ಚಿಯಲ್ಲಿ ಕುಳಿತ ಹಿರಿಯರನ್ನು. ಉತ್ತರ ಬಂದದ್ದು ಪಕ್ಕದ ಕುರ್ಚಿಯಿಂದ. "ಅವ್ರಿಗೆ ಮಾತು ಬಿದ್ದೋಗಿದೆ ಮೇಡಂ" ಎಂದ ಮಗ, ತಂದೆಯ ಹೆಸರನ್ನು ತಾನೇ ಹೇಳಿದ, ಊರು ಹೇಳಿದ, "ಟೈಲರ್ ಆಗಿದ್ರು" ಎಂದೂ ಸೇರಿಸಿದ. ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದವರು ಆ ಕೊನೆಯ ಮಾತಿಗೆ ತಟ್ಟನೆ ತಿರುಗಿ, ಅಲ್ಲ ಎಂಬಂತೆ ತಲೆಯಾಡಿಸಿದರು. ಹೆಸರು ಸರಿಯಾಗಿತ್ತು, ಊರೂ ಸರಿಯಾಗಿತ್ತು, ಕಸುಬೂ ಸರಿಯೇ. ಮತ್ತೆ ಯಾವುದು ಅಲ್ಲ? ಮಗನಿಗೆ ತಿಳಿಯಲಿಲ್ಲ. ನನಗೂ ತಿಳಿದದ್ದು ಎರಡು ವಾರ ಕಳೆದ ಮೇಲೆ.

ನಾನು ವಾಕ್ ಚಿಕಿತ್ಸಕಿ. ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. 1965ರಲ್ಲಿ ಶುರುವಾದ ಆ ಸಂಸ್ಥೆಯನ್ನು ಊರಿನ ಆಟೋದವರು ಇವತ್ತಿಗೂ 'ಸ್ಪೀಚ್ ಅಂಡ್ ಹಿಯರಿಂಗ್' ಎಂದೇ ಕರೆಯುತ್ತಾರೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಲಕ್ವ ಹೊಡೆದು ಮಾತು ಕಳೆದುಕೊಂಡವರು. ಮಿದುಳಿನ ಎಡಭಾಗದಲ್ಲಿ ರಕ್ತ ಹರಿಯುವುದು ನಿಂತರೆ ಬಹಳ ಜನರಿಗೆ ಬಲಗೈಯ ಜೊತೆಗೆ ಭಾಷೆಯೂ ಹೋಗುತ್ತದೆ. ಅಫೇಸಿಯಾ ಎನ್ನುವುದು ಇದಕ್ಕೇ. ಬುದ್ಧಿ ಹೋಗಿರುವುದಿಲ್ಲ. ಹೆಂಡತಿ ಯಾರು, ಮಗ ಯಾರು, ಸೊಸೆ ಯಾಕೆ ಮುನಿಸಿಕೊಂಡಿದ್ದಾಳೆ, ಎಲ್ಲ ಗೊತ್ತು. ಗೊತ್ತಿರುವುದನ್ನು ಎತ್ತಿಕೊಡುವ ಪದ ಮಾತ್ರ ಕೈಗೆ ಸಿಗುವುದಿಲ್ಲ. ಬಾವಿಯಲ್ಲಿ ನೀರಿದೆ, ಹಗ್ಗ ಕಡಿದಿದೆ.

ಇಂಥವರನ್ನು ಪರೀಕ್ಷಿಸಲು ನಾವು ಬಳಸುವ ಸಾಧನಗಳಲ್ಲಿ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಒಂದು. ಆಂಡ್ರ್ಯೂ ಕರ್ಟೆಸ್ ರೂಪಿಸಿದ್ದು, 1982ರಲ್ಲಿ ಪ್ರಕಟವಾದದ್ದು. ಕನ್ನಡದ ಆವೃತ್ತಿಯೂ ಇದೆ. ಅದು ತೆರೆದುಕೊಳ್ಳುವುದೇ ಪರಿಚಯ ಕೇಳುವ ಮೂಲಕ. ಹೇಗಿದ್ದೀರಿ, ಹೆಸರೇನು, ಮನೆ ಎಲ್ಲಿ, ಏನು ಕೆಲಸ ಮಾಡುತ್ತೀರಿ. ಮದುವೆ ಮನೆಯಲ್ಲಿ ಪಂಕ್ತಿಗೆ ಕುಳಿತಾಗ ಪಕ್ಕದ ಎಲೆಯವರು ಕೇಳುವ ಪ್ರಶ್ನೆಗಳೇ. ನಾನು ಕೇಳುತ್ತೇನೆ, ಕಾಯುತ್ತೇನೆ, ಅಂಕ ಬರೆಯುತ್ತೇನೆ. ತನ್ನ ಹೆಸರನ್ನು ತಾನು ಹೇಳಲಾಗದೆ ಒಬ್ಬರ ತುಟಿ ನಡುಗುವಾಗ ಅಂಕ ಬರೆಯುವುದು ಇಷ್ಟು ವರ್ಷಗಳ ಮೇಲೂ ನನಗೆ ಅಭ್ಯಾಸವಾಗಿಲ್ಲ.

ಅಷ್ಟಕ್ಕೂ ಪರಿಚಯ ಹೆಸರಿನಿಂದಲೇ ಶುರುವಾಗಬೇಕೆಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ. ಧಾರವಾಡದ ನಮ್ಮ ಓಣಿಯಲ್ಲಿ ನಾನು ಚಿಕ್ಕವಳಿದ್ದಾಗ ಯಾವ ಅಜ್ಜಿಯೂ ನನ್ನ ಹೆಸರು ಕೇಳಿದ್ದು ನೆನಪಿಲ್ಲ. "ನೀ ಯಾರ ಮಗಳವಾ?" ಎನ್ನುತ್ತಿದ್ದರು. ಅಪ್ಪನ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಿದ್ದರು. ದೊಡ್ಡವರಾದರೆ "ನೀವು ಯಾರ ಪೈಕಿ?" ಎಂಬ ಪ್ರಶ್ನೆ. ಮದುವೆಯಾಗಿ ಮೈಸೂರಿಗೆ ಬಂದಾಗ ಇಲ್ಲಿಯವರು "ಯಾವೂರ ಕಡೆಯೋರು?" ಎಂದರು. ಈ ಕಡೆಯ ಹೆಸರುಗಳಲ್ಲಿ ಊರು ಮೊದಲು, ತಂದೆ ಆಮೇಲೆ, ತಾನು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಊರನ್ನೂ ತಂದೆಯನ್ನೂ ದಾಟಿಯೇ ಕವಿಯ ಬಳಿಗೆ ಹೋಗಬೇಕು. ನಮ್ಮ ಕಡೆ ಸಾಲು ತಿರುಗುಮುರುಗು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮನೆತನ ಹಿಂದೆ ನಿಂತು ಕಾಯುತ್ತದೆ. ಹೇಗಿದ್ದರೂ ಒಬ್ಬರೇ ನಿಲ್ಲುವಂತಿಲ್ಲ.

ಹೆಸರೆಂಬುದು ನೆನಪಿಗೆ ಬಲು ಜಾರುವ ವಸ್ತು. 1987ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಅಪರಿಚಿತ ಮುಖ ತೋರಿಸಿ, ಈತ ಬೇಕರಿಯವನು ಎಂದು ಹೇಳಿಕೊಟ್ಟರೆ ಜನರಿಗೆ ನೆನಪಿರುತ್ತದೆ. ಈತನ ಅಡ್ಡಹೆಸರು ಬೇಕರ್ ಎಂದು ಹೇಳಿಕೊಟ್ಟರೆ ಮರೆತುಹೋಗುತ್ತದೆ. ಇಂಗ್ಲಿಷಿನಲ್ಲಿ ಎರಡೂ ಅದೇ ಪದ. ಇದನ್ನು ಓದುವಾಗ ನನಗೆ ನಮ್ಮ ಶಾಲೆಯ ಹಾಜರಿಪುಸ್ತಕ ಕಣ್ಣ ಮುಂದೆ ಬಂತು: ಕುಂಬಾರ, ಬಡಿಗೇರ, ಪತ್ತಾರ. ಗಡಿಗೆ ಮಾಡುವವನು ಎಂದರೆ ಮಣ್ಣು, ತಿಗರಿ, ಆವಿಗೆಯ ಹೊಗೆ ಎಲ್ಲ ಕೂಡಿ ಬರುತ್ತವೆ. ಕುಂಬಾರ ಎಂಬುದು ಬರಿಯ ಅಡ್ಡಹೆಸರಾದರೆ ಮನಸ್ಸು ಅದನ್ನು ತೂಗುಹಾಕಲು ಗೂಟವಿರುವುದಿಲ್ಲ.

ನಮ್ಮ ಶಾಸ್ತ್ರದ ಚರಿತ್ರೆಯ ಮೊದಲ ಪುಟದಲ್ಲೇ ಹೀಗೆ ಗೂಟವಿಲ್ಲದೆ ಉಳಿದವನೊಬ್ಬನಿದ್ದಾನೆ. 1861ರ ಏಪ್ರಿಲಿನಲ್ಲಿ ಪ್ಯಾರಿಸಿನ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಬಳಿಗೆ 51 ವರ್ಷದ ರೋಗಿಯೊಬ್ಬ ಬಂದ. ಆಸ್ಪತ್ರೆ ಸೇರಿ 21 ವರ್ಷವಾಗಿತ್ತು. ಏನು ಕೇಳಿದರೂ ಅವನ ಬಾಯಲ್ಲಿ ಬರುತ್ತಿದ್ದುದು ಒಂದೇ, "ಟಾನ್, ಟಾನ್." ಹಾಗಾಗಿ ಆಸ್ಪತ್ರೆಯವರೆಲ್ಲ ಅವನನ್ನು ಟಾನ್ ಎಂದೇ ಕರೆಯುತ್ತಿದ್ದರು. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಬ್ರೋಕಾ ಅವನ ಮಿದುಳನ್ನು ನೋಡಿ, ಎಡಗಡೆಯ ಮುಂಭಾಗದಲ್ಲಾಗಿದ್ದ ಹಾನಿಯನ್ನು ತೋರಿಸಿ, ಮಾತಾಡುವ ಶಕ್ತಿ ಇಲ್ಲಿದೆ ಎಂದ. ಮಿದುಳಿನ ಆ ಜಾಗಕ್ಕೆ ಬ್ರೋಕಾನ ಹೆಸರು ಬಂತು. ಆ ಮಿದುಳನ್ನು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟರು. ಮನುಷ್ಯನನ್ನು ಕುರಿತು ಲೆಬೋರ್ನ್ ಎಂಬ ಮನೆತನದ ಹೆಸರು ಬಿಟ್ಟರೆ ಪಠ್ಯಪುಸ್ತಕಗಳಲ್ಲಿ ಹೆಚ್ಚೇನೂ ಉಳಿಯಲಿಲ್ಲ. ನಾವೂ ಪರೀಕ್ಷೆಗೆ ಹಾಗೆಯೇ ಓದಿದೆವು, ಹಾಗೆಯೇ ಬರೆದೆವು.

ಒಂದೂವರೆ ಶತಮಾನ ಕಳೆದ ಮೇಲೆ, 2013ರಲ್ಲಿ, ಪೋಲೆಂಡಿನ ಚೆಜಾರಿ ಡೊಮಾನ್ಸ್ಕಿ ಹಳೆಯ ದಾಖಲೆಗಳನ್ನು ಹುಡುಕಿ ಈತನ ಪರಿಚಯವನ್ನು ಹೊರತಂದರು. ಪೂರ್ತಿ ಹೆಸರು ಲೂಯಿ ವಿಕ್ಟರ್ ಲೆಬೋರ್ನ್. 1809ರಲ್ಲಿ ಮೊರೆ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಶಾಲಾ ಮೇಷ್ಟ್ರು. ಅಣ್ಣತಮ್ಮ ಅಕ್ಕತಂಗಿಯರಿದ್ದ ಮನೆ. ಮಾತು ಹೋಗುವ ತನಕ ಆತ ಪಾದರಕ್ಷೆ ಹೊಲಿಯಲು ಬೇಕಾದ ಮರದ ಅಚ್ಚುಗಳನ್ನು ಕೆತ್ತುತ್ತಿದ್ದ. ಇಷ್ಟು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡೊಮಾನ್ಸ್ಕಿ ಇನ್ನೂ ಒಂದು ಮಾತು ಸೇರಿಸುತ್ತಾರೆ. ಮೊರೆ ಊರಿನಲ್ಲಿ ಚರ್ಮ ಹದಮಾಡಲು ಬೇಕಾದ ಓಕ್ ಮರದ ತೊಗಟೆಯನ್ನು ಪುಡಿಮಾಡುವ ಗಿರಣಿಗಳಿದ್ದವು. ಆ ಪುಡಿಗೆ ಫ್ರೆಂಚಿನಲ್ಲಿ 'ಟಾನ್' ಎನ್ನುತ್ತಾರೆ. ಅವನ ನಾಲಗೆಯಲ್ಲಿ ಉಳಿದ ಒಂದೇ ಒಂದು ಶಬ್ದ ಬಾಲ್ಯದ ಊರಿನದಿರಬಹುದು ಎಂಬುದು ಅವರ ಊಹೆ. ಊಹೆಯಷ್ಟೇ, ಪುರಾವೆಯಿಲ್ಲ. ಆದರೂ ನಾನು ಅದನ್ನು ಬಿಡಲಾರೆ. ನಮ್ಮ ಮಂಡ್ಯ, ಮೈಸೂರಿನ ಕಡೆ ಹುಟ್ಟಿದ್ದರೆ ಅವನ ಹೆಸರಿನ ಮೊದಲಕ್ಷರವೇ ಮೊರೆಯದಾಗಿರುತ್ತಿತ್ತು. "ನಿನ್ನ ಹೆಸರೇನು?" ಎಂದು ಇಪ್ಪತ್ತೊಂದು ವರ್ಷ ಕೇಳಿದವರಿಗೆ ಅವನು ತನ್ನ ಊರಿನಿಂದ ಪರಿಚಯ ಶುರುಮಾಡುತ್ತಿದ್ದನೇನೋ. ಮುಂದಿನ ಮಾತಿಗೆ ದಾರಿ ಇರಲಿಲ್ಲ.

ಆಮೇಲೆ ನಾನು ಕೆಲಸದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಮೊದಲ ಭೇಟಿಯಲ್ಲೇ ಮನೆಯವರಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ತರಲು ಹೇಳುತ್ತೇನೆ. ಅದರಲ್ಲಿ ಫೋಟೋಗಳನ್ನು ಅಂಟಿಸಿ, ಕೆಳಗೆ ದಪ್ಪಕ್ಷರದಲ್ಲಿ ಒಂದೊಂದು ಪದ. ನಾಲಗೆಗೆ ಬಾರದ್ದನ್ನು ಬೆರಳು ತೋರಿಸಿ ಹೇಳಬಹುದು. ತೋರಿಸುತ್ತ ತೋರಿಸುತ್ತ ಎಷ್ಟೋ ಸಲ ಪದವೂ ಬರುತ್ತದೆ. ನಮ್ಮ ವೃತ್ತಿಯಲ್ಲಿ ಇದು ಹೊಸತಲ್ಲ. ನಾನು ಬದಲಾಯಿಸಿದ್ದು ಕೇಳುವ ಪ್ರಶ್ನೆಯನ್ನು. ಮೊದಲೆಲ್ಲ "ಮನೆಯವರ ಫೋಟೋ ತನ್ನಿ" ಎನ್ನುತ್ತಿದ್ದೆ. ಮದುವೆಯ ಫೋಟೋ, ರೇಷನ್ ಕಾರ್ಡಿನ ಫೋಟೋ, ಗೃಹಪ್ರವೇಶದ ಗುಂಪು ಫೋಟೋ ಬರುತ್ತಿದ್ದವು. ಈಗ ಕೇಳುವುದು ಬೇರೆ: ಬೆಳಿಗ್ಗೆ ಎದ್ದ ಕೂಡಲೇ ಯಾರನ್ನು ಕರೀತಿದ್ರು? ಕೈ ಸುಮ್ಮನಿರದಿದ್ದಾಗ ಏನು ಮಾಡ್ತಿದ್ರು?

ಹೀಗೆ ಕೇಳಿದ್ದರಿಂದಲೇ ಒಬ್ಬ ರೈತರ ಪುಸ್ತಕಕ್ಕೆ ಅವರ ಹಸು ಬಂತು. ಮೂರು ತಿಂಗಳು ಹೆಂಡತಿಯ ಹೆಸರು, ಮಕ್ಕಳ ಹೆಸರು ಹೇಳಿಸಲು ಒದ್ದಾಡಿದ್ದೆವು. ಮಗಳು ಹಿತ್ತಲಲ್ಲಿ ಹಿಡಿದ ವಿಡಿಯೋ ತಂದಳು. ಫೋನಿನಲ್ಲಿ ಹಸು 'ಅಂಬಾ' ಎಂದು ಕೂಗಿತು. ಅವರು ಮುಂದಕ್ಕೆ ಬಾಗಿ, ಸ್ಪಷ್ಟವಾಗಿ, "ಬಾ ಕೆಂಪಿ" ಎಂದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ನ ಹೆಸರು ಅವರು ಯಾವತ್ತು ಕರೆದಿದ್ರು ಮೇಡಂ, ಅದನ್ನಾದ್ರೆ ದಿನಾ ಕರೀತಿದ್ರು" ಎಂದರು. ಆ ಮಾತಿನಲ್ಲಿ ನೋವಿರಲಿಲ್ಲ. ಅವರು ಹೇಳಿದ್ದು ಶಾಸ್ತ್ರಕ್ಕೂ ಹೊಂದುವ ಮಾತು. ದಿನವೂ ಸವೆಸಿದ ದಾರಿಯಲ್ಲಿ ಮಾತು ಸುಲಭವಾಗಿ ಹೊರಬರುತ್ತದೆ. ಹೆಸರು ಹೇಳಲಾಗದವರು ಮಗ್ಗಿ ಹೇಳುತ್ತಾರೆ, ವಾರಗಳನ್ನು ಒಪ್ಪಿಸುತ್ತಾರೆ, ಭಜನೆಯ ಸಾಲು ಎತ್ತಿಕೊಟ್ಟರೆ ಪೂರ್ತಿ ಹಾಡುತ್ತಾರೆ. ರಾಗದ ದಾರಿ ಹಿಡಿದು ಮಾತನ್ನು ಮರಳಿ ತರುವ ಚಿಕಿತ್ಸೆಯೊಂದು 1973ರಿಂದಲೇ ಬಳಕೆಯಲ್ಲಿದೆ.

ಒಂದು ರಾತ್ರಿ ನನ್ನ ಮಗಳು ಕೇಳಿದಳು, "ಅಮ್ಮಾ, ನಿನ್ನ ಪುಸ್ತಕದಲ್ಲಿ ಏನೇನಿರುತ್ತೆ?"

ನೋಟ್‌ಬುಕ್ ತೆಗೆದುಕೊಂಡು ಕುಳಿತೆ. ಹತ್ತು ಪುಟ ಸಾಕು ಎಂದುಕೊಂಡೆ. ಮೊದಲಿಗೆ ಅಮ್ಮ: ಧಾರವಾಡದ ಮನೆಯ ಕಟ್ಟೆಯ ಮೇಲೆ ಕುಳಿತು, ದಾರ ಕಟ್ಟಿದ ಕನ್ನಡಕದಲ್ಲಿ ಪೇಪರನ್ನು ಗಟ್ಟಿಯಾಗಿ ಓದುವವಳು. ಆಮೇಲೆ ಇವರು, ಚಹಾ ಕುಡಿದು ಬೆಳೆದ ನನ್ನನ್ನು ಇಪ್ಪತ್ತು ವರ್ಷದಲ್ಲಿ ಫಿಲ್ಟರ್ ಕಾಫಿಗೆ ಒಗ್ಗಿಸಿದವರು, ಹಾಗಾಗಿ ಡಿಕಾಕ್ಷನ್ ಇಳಿಸುತ್ತಿರುವ ಫೋಟೋವೇ ಬೇಕಾಯಿತು. ಮಗಳು ತಾನು ಚೆನ್ನಾಗಿ ಕಾಣುವ ಫೋಟೋ ಕೊಟ್ಟಳು. ನಾನು ಅವಳು ಹೊಟ್ಟೆ ಹಿಡಿದು ನಗುತ್ತಿರುವುದನ್ನು ಅಂಟಿಸಿದೆ.

ಮುಂದಿನ ಪುಟ ಬೊಗಸೆಯದು. ಬೊಗಸೆ ನಮ್ಮ ಬೆಕ್ಕು. ಒಂದು ಜುಲೈ ಮಳೆಯಲ್ಲಿ ಸ್ಕೂಟರಿನ ಹೊದಿಕೆಯೊಳಗೆ ಸೇರಿಕೊಂಡು ಬಂದಾಗ ಎರಡು ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು, ಆ ಹೆಸರೇ ನಿಂತಿತು. ಅದರ ಫೋಟೋ ಅಂಟಿಸುವಾಗ ಒಂದು ವಿಚಾರ ಹೊಳೆಯಿತು. ನನ್ನ ಮಾತು ನಾಳೆ ಬಿದ್ದುಹೋದರೆ ಮನೆಯವರಿಗೆಲ್ಲ ನಾನು ಬೇರೆಯಾಗಿ ಕಾಣುತ್ತೇನೆ. ಬೊಗಸೆಗೆ ಏನೂ ಬದಲಾಗಿರುವುದಿಲ್ಲ. ಅದಕ್ಕೆ ನನ್ನ ಹೆಸರು ಗೊತ್ತಿಲ್ಲ. ನನ್ನ ಸ್ಕೂಟರಿನ ಸದ್ದು ಗೊತ್ತು, ಮೀನಿನ ಡಬ್ಬಿಯ ಮುಚ್ಚಳ ತೆಗೆಯುವ ಕೈ ಗೊತ್ತು. ಬೊಗಸೆ ಬಲ್ಲ ನಾನೂ ನಾನೇ ಅಲ್ಲವೇ?

ಆಮೇಲೆ ಕೌದಿ. ಅಜ್ಜಿಯ ಇಳಕಲ್ ಸೀರೆಯ ಚೂರು, ಅಪ್ಪನ ಧೋತರ, ಮಗಳ ಚಿಕ್ಕಂದಿನ ಫ್ರಾಕು, ಎಲ್ಲವನ್ನೂ ಒಂದರ ಮೇಲೊಂದು ಹಾಸಿ ಭಾನುವಾರ ಮಧ್ಯಾಹ್ನ ಸಾಲು ಸಾಲಾಗಿ ಹೊಲಿಯುತ್ತೇನೆ. ಮೂರು ವರ್ಷದಿಂದ ಒಂದೇ ಕೌದಿ. ಮುಗಿಸುವ ಅವಸರವಿಲ್ಲ.

ಕೆಲಸದ ಪುಟಕ್ಕೆ ಬಂದಾಗ ಕೈ ನಿಂತಿತು. ಬಡಗಿಗೆ ಉಳಿಯಿದೆ, ನೇಕಾರನಿಗೆ ಮಗ್ಗವಿದೆ. ನನ್ನ ಕಸುಬಿನ ಫೋಟೋ ತೆಗೆಯುವುದು ಹೇಗೆ? ನೆನಪಾದದ್ದು ಒಬ್ಬ ಮಧ್ಯವಯಸ್ಸಿನ ಹೆಣ್ಣುಮಗಳು. ಐದು ತಿಂಗಳ ಮೇಲೆ ಒಂದು ಸೋಮವಾರ ಅವರ ಗಂಡ ಬಾಗಿಲಲ್ಲೇ ನಿಂತು, "ನಿನ್ನೆ ನನ್ನ ಸಾರು ಬಾಯಿಗಿಟ್ಟು 'ಉಪ್ಪು ಜಾಸ್ತಿ' ಅಂದ್ಲು ಮೇಡಂ" ಎಂದರು. ಬೈಸಿಕೊಂಡ ಸಂಭ್ರಮದಲ್ಲಿ ಅವರಿಗೆ ಕುಳಿತುಕೊಳ್ಳಲೂ ಆಗುತ್ತಿರಲಿಲ್ಲ. ಎರಡು ಪದ. ಇದಕ್ಕಿಂತ ದೊಡ್ಡ ಸಂಬಳವನ್ನು ನಾನು ಯಾವತ್ತೂ ಪಡೆದಿಲ್ಲ. ಕಡೆಗೆ ನನ್ನ ಕೋಣೆಯ ಎರಡು ಕುರ್ಚಿಗಳ ಫೋಟೋ ತೆಗೆದು ಅಂಟಿಸಿದೆ. ನನ್ನದು, ಮತ್ತು ಎದುರಿನದು.

ಟೈಲರ್ ಅಪ್ಪಾಜಿಯ ಪುಸ್ತಕಕ್ಕೆ ಬರುತ್ತೇನೆ. ಮಗ ಎರಡು ವಾರದಲ್ಲಿ ಶ್ರದ್ಧೆಯಿಂದ ಎಲ್ಲ ಅಂಟಿಸಿ ತಂದಿದ್ದ. ಅಮ್ಮ, ತಂಗಿ, ಮೊಮ್ಮಗು, ಮನೆ, ಅಂಗಡಿಯ ಬೋರ್ಡು. ಜೊತೆಗೆ, ಬೇಕಾಗಬಹುದೇನೋ ಎಂದು, ಅಂಗಡಿಯ ಅಳತೆ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡಿದ್ದ. ಎಣ್ಣೆಯ ಕಲೆ, ಮೂಲೆ ಸವೆದ ಪುಟ, ಬಟ್ಟೆಯ ಚೂರು ಪಿನ್ ಮಾಡಿದ ರಸೀದಿ. ಅಪ್ಪಾಜಿ ಅದನ್ನು ಎಡಗೈಯಿಂದ ತಮ್ಮತ್ತ ಎಳೆದುಕೊಂಡರು. ಒಂದು ಪುಟದ ಮೇಲೆ ಬೆರಳಿಟ್ಟು ಕೆನ್ನೆ ಉಬ್ಬಿಸಿದರು: ದಪ್ಪ ಮನುಷ್ಯ. ಇನ್ನೊಂದಕ್ಕೆ ಒಂದು ಭುಜ ಇಳಿಸಿದರು: ಭುಜ ಓರೆ ಇರುವವನು, ಅದಕ್ಕೆ ತಕ್ಕಂತೆ ಕತ್ತರಿಸಬೇಕು. ಮಾತಿಲ್ಲದೆಯೇ ಅರ್ಧ ಊರನ್ನು ನನಗೆ ಪರಿಚಯ ಮಾಡಿಕೊಟ್ಟರು. ಕೊನೆಯ ಪುಟದಲ್ಲಿ ಹೊಲಿದು ಮುಗಿದದ್ದಕ್ಕೆ ಎಳೆಯುವ ಗೀಟು ಇರಲಿಲ್ಲ. ಆ ಪುಟವನ್ನು ಮಗನ ಮುಖದ ಹತ್ತಿರ ಹಿಡಿದರು. ಕಾಜಾ ಹಾಕದೆ ಉಳಿದ ಎರಡು ಷರ್ಟು ಅಂಗಡಿಯಲ್ಲಿವೆ ಎಂದು ಮಗ ಹೇಳಿದ. ಹೇಳುತ್ತಲೇ ಅವನಿಗೂ ಅರ್ಥವಾಯಿತು. "ಟೈಲರ್ ಮೇಡಂ" ಎಂದ, ಮೆಲ್ಲಗೆ. "ನಮ್ಮಪ್ಪ ಟೈಲರ್."

ಅವರು ಈ ಸಲ ತಲೆಯಾಡಿಸಿದ್ದು ಹೌದೆಂದು.

ಆ ದಿನ ನನ್ನ ಪುಸ್ತಕವೂ ಮೇಜಿನ ಮೇಲಿತ್ತು. ತೋರಿಸಿದೆ. ಅಮ್ಮನನ್ನು, ಇವರನ್ನು, ಮಗಳನ್ನು ನೋಡಿದರು. ಬೊಗಸೆಗೆ ನಕ್ಕರು. ಕೌದಿಯ ಪುಟದಲ್ಲಿ ನಿಂತರು. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಒಂದು ಸಾಲಿನ ಉದ್ದಕ್ಕೂ ಬೆರಳೆಳೆದು, ಹೊಲಿಗೆ ಸೊಟ್ಟಗಾದ ಜಾಗದಲ್ಲಿ ಎರಡು ಸಲ ಕುಟ್ಟಿದರು. ನಾನು ಸುಮ್ಮನೆ ಕಾದೆ. ತುಟಿ ಒಂದಾಯಿತು, ಬಿಟ್ಟಿತು, ನಾಲಗೆ ಹಲ್ಲಿನ ಹಿಂದೆ ಜಾಗ ಹುಡುಕಿತು.

"ದಾ..." ಎಂದರು. "ದಾರ."

"ಹೂಂ ಅಪ್ಪಾಜಿ, ದಾರ ಎಳೆದುಬಿಟ್ಟಿದೆ. ಬಿಚ್ಚಿ ಹೊಲೀಲಾ?"

ಬೇಡವೆಂದು ಕೈಯಾಡಿಸಿ, ನನ್ನ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು, ತಮ್ಮದನ್ನು ನನ್ನ ಕಡೆಗೆ ತಿರುಗಿಸಿ ಮೊದಲ ಪುಟ ತೆರೆದರು.