ತುಕ್ಕಿಗೂ ಒಂದು ಕಾರಣ

ಬಂಡೀಪುರದ ಕಾಡನ್ನು ಹಾಯುವ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಲಾರಿ ಓಡುವಂತಿಲ್ಲ. 2009ರಿಂದ ಇರುವ ಕಟ್ಟಳೆ ಇದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತೇರಿ ಕಡೆಗೆ ಹೊರಟವು ಮದ್ದೂರು ಚೆಕ್‌ಪೋಸ್ಟಿನಲ್ಲಿ, ಊಟಿ ಕಡೆಯವು ಮೇಲುಕಾಮನಹಳ್ಳಿಯಲ್ಲಿ ನಿಲ್ಲುತ್ತವೆ. ತಡವಾಗಿ ಬಂದವು ಅಲ್ಲೇ ಸಾಲಾಗಿ ನಿಂತು ಬೆಳಗು ಮಾಡುತ್ತವೆ. ಆ ಒಂಬತ್ತು ಗಂಟೆ ಆನೆ, ಹುಲಿ, ಜಿಂಕೆಗಳಿಗೆ ಸೇರಿದ್ದು. ಅದರ ಕೊನೆಯ ಒಂದು ತುಣುಕು, ಐದೂವರೆಯಿಂದ ಆರರವರೆಗಿನದು, ಪುಟ್ಟ ಲಾರಿ ಕಟ್ಟುವ ಹವ್ಯಾಸ ಹಚ್ಚಿಕೊಂಡವರಿಗೂ ದಕ್ಕುತ್ತದೆ. ಓಡುವ ಲಾರಿಯನ್ನು ಯಾರೂ ಸರಿಯಾಗಿ ನೋಡಲಾರರು. ಬಣ್ಣ, ಸದ್ದು, ಹಿಂದೆ ಏಳುವ ಧೂಳು, ಅಷ್ಟೇ. ನಿಂತದ್ದನ್ನಾದರೆ ಸುತ್ತು ಹಾಕಿ ನೋಡಬಹುದು, ಬಗ್ಗಿ ಚಾಸಿಯ ಅಡಿ ಇಣುಕಬಹುದು, ಕೇಳಿಕೊಂಡು ಟೇಪು ಹಿಡಿಯಬಹುದು.

ಟೇಪು ಹಿಡಿದಾಗ ಮಾತು ತಾನಾಗಿ ಹುಟ್ಟುತ್ತದೆ. "ಯಾಕ ಸಾ, ಗಾಡಿ ಅಳೀತಿದ್ದರಿ?" ಎಂದು ತೆರಕಣಾಂಬಿ ಕಡೆಯ ಡ್ರೈವರೊಬ್ಬರು ಒಮ್ಮೆ ಕೇಳಿದರು. ಇಂಥದ್ದೇ ಚಿಕ್ಕದೊಂದನ್ನು ಮಾಡಬೇಕು ಕಣಣ್ಣ, ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಮಾಡದಾದ್ರ ಎಡಗಡೆ ಕನ್ನಡಿಗ ಹಗ್ಗ ಕಟ್ಟಿವ್ನಲ್ಲ, ಅದ್ನೂ ಮಾಡ್ಬುಡಿ. ಅದಿಲ್ದಿದ್ರ ಇದು ನನ್ನ ಗಾಡಿ ಅಲ್ಲ." ಈ ಹವ್ಯಾಸದ ಬಗ್ಗೆ ಯಾವ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ. ಕಂಪನಿಯಿಂದ ಹೊರಬಿದ್ದ ದಿನ ಒಂದೇ ಬಗೆಯ ಲಾರಿಗಳೆಲ್ಲ ಒಂದೇ. ಹಗ್ಗ ಕಟ್ಟಿದ ಮೇಲೆಯೇ ಅದು ಒಬ್ಬರ ಲಾರಿ.

ಮಾದರಿ ವಾಹನಗಳಿಗೆ ಹಲವು ಅಳತೆಗಳಿವೆ. ಕೈಬೆರಳಷ್ಟು ಉದ್ದದವು 1:64ರವು, ಅಂಗಡಿಯ ಗಾಜಿನ ಕಪಾಟಿನಲ್ಲಿ ಸಿಗುವ ಲೋಹದ ಕಾರುಗಳು. ಅಮೆರಿಕದ ಹಳೆಯ ಪ್ಲಾಸ್ಟಿಕ್ ಕಿಟ್‌ಗಳು 1:25ರವು. ಜಪಾನಿನ, ಯುರೋಪಿನ ಕಂಪನಿಗಳು ಹೆಚ್ಚಾಗಿ 1:24 ಹಿಡಿಯುತ್ತವೆ. ನಾನು ಮೆಚ್ಚುವುದು ಈ ಕೊನೆಯದನ್ನೇ. ಒಂದಡಿ ಅರ್ಧ ಇಂಚಾಗುತ್ತದೆ, ಲೆಕ್ಕ ಸಲೀಸು. 3.8 ಮೀಟರ್ ಉದ್ದದ ಟಾಟಾ ಏಸ್ ಹದಿನಾರು ಸೆಂಟಿಮೀಟರಿಗೆ ಇಳಿಯುತ್ತದೆ, ಅಂಬಾಸಿಡರ್ ಕಾರು ಹದಿನೆಂಟಕ್ಕೆ. ಒಂದು ಮೀಟರ್ ಎತ್ತರದ ಲಾರಿ ಟೈರು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು. ತೂಕದ ಲೆಕ್ಕವೇ ಬೇರೆ. ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ತನಾಲ್ಕು ಪಟ್ಟು ತಗ್ಗುವುದರಿಂದ ಭಾರ 13,824 ಪಟ್ಟು ತಗ್ಗುತ್ತದೆ. ಹತ್ತು ಟನ್ನಿನ ಹೊರೆ ಮುಕ್ಕಾಲು ಕಿಲೋಗೂ ಕಡಿಮೆ. ಅಂಗೈಯಲ್ಲಿ ಅದನ್ನು ಹೊತ್ತಾಗ ಮೈ ಜುಮ್ಮೆನ್ನುತ್ತದೆ.

ವಿದೇಶದ ಪೆಟ್ಟಿಗೆಗಳಲ್ಲಿ ಬರುವುದು ಅಲ್ಲಿಯ ಟ್ರಕ್ಕುಗಳು. ನಮ್ಮ ರಸ್ತೆಯ ಮರದ ತೊಟ್ಟಿಯ ಲಾರಿ ಬೇಕೆಂದರೆ ಬುಡದಿಂದ ನಾವೇ ಕಟ್ಟಬೇಕು. ಅದಕ್ಕೆ ಬೇಕಾದದ್ದೆಲ್ಲ ಚಾಮರಾಜನಗರದ ಸ್ಟೇಷನರಿ ಅಂಗಡಿಯಲ್ಲೂ ಮನೆಯಲ್ಲೂ ಸಿಗುತ್ತದೆ. ಸನ್‌ಬೋರ್ಡು, ಉಪ್ಪುಕಾಗದ, ಅಂಟು, ಬ್ಲೇಡು, ಅಕ್ರಿಲಿಕ್ ಬಣ್ಣ. ಖಾಲಿ ರೀಫಿಲ್ಲು ಸೈಲೆನ್ಸರ್ ಪೈಪಾಗುತ್ತದೆ. ಮಾತ್ರೆ ಪಟ್ಟಿಯ ಗುಳ್ಳೆ ಹೆಡ್‌ಲೈಟಿನ ಗಾಜಾಗುತ್ತದೆ. ಮುಂಭಾಗದ ಜಾಲರಿಗೆ ಹಳೆಯ ಟೀ ಸೋಸುಕ, ಟಾರ್ಪಾಲಿಗೆ ತೆಳು ಬಟ್ಟೆ, ಬಿಗಿಯುವ ಹಗ್ಗಕ್ಕೆ ಮೇಣ ತಿಕ್ಕಿದ ಹೊಲಿಗೆ ದಾರ. ಹೊಳೆಯುವ ಪಟ್ಟಿಗಳಿಗೆ ದೇವರ ಅಲಂಕಾರಕ್ಕೆ ತರುವ ಬೇಗಡೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಇದು ಹೊರಗಿನಿಂದ ಬಂದ ಹುಚ್ಚು ಎಂದು ಯಾರಾದರೂ ಹೇಳಿದರೆ ಒಪ್ಪುವುದು ಕಷ್ಟ. ಜೋಳದ ದಂಟಿನ ಸಿಪ್ಪೆ ಸುಲಿದು, ಬೆಂಡನ್ನು ಕತ್ತರಿಸಿ, ಸಿಪ್ಪೆಯನ್ನೇ ಮೊಳೆಯಾಗಿ ಚುಚ್ಚಿ ಗಾಡಿ ಕಟ್ಟುತ್ತಿದ್ದ ಮಕ್ಕಳು ನಮ್ಮ ಕಡೆ ಪ್ರತಿ ಹಳ್ಳಿಯಲ್ಲೂ ಇದ್ದರು. ಸವೆದ ಹವಾಯಿ ಚಪ್ಪಲಿಯಿಂದ ದುಂಡಗೆ ಕೊಯ್ದ ಚಕ್ರಕ್ಕೆ ಸರಿಸಾಟಿ ಟೈರು ಇವತ್ತಿಗೂ ಇಲ್ಲ. ರಬ್ಬರಿನ ಮಂಕು ಕಪ್ಪು ಅದರಲ್ಲೇ ಇರುತ್ತದೆ. ಬೆಂಕಿಪೆಟ್ಟಿಗೆಗಳನ್ನು ಸಾಲಾಗಿ ಪೋಣಿಸಿ ರೈಲು, ಒಂದರ ಮೇಲೊಂದು ಅಂಟಿಸಿ ಬಸ್ಸು. ಲಂಡನ್ನಿನಲ್ಲಿ ಜ್ಯಾಕ್ ಓಡೆಲ್ ಎಂಬ ಎಂಜಿನಿಯರಿನ ಮಗಳ ಶಾಲೆಯಲ್ಲಿ, ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆಗೆ ಮಾತ್ರ ಅಪ್ಪಣೆಯಿತ್ತಂತೆ. ಆತ ಹಿತ್ತಾಳೆಯ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. 1953ರಲ್ಲಿ ಶುರುವಾದ ಮ್ಯಾಚ್‌ಬಾಕ್ಸ್ ಕಾರುಗಳ ಹಿಂದೆ ಇರುವುದು ಈ ಕಥೆ. ಅವನಿಗೆ ಕಾರ್ಖಾನೆಯಿತ್ತು, ನಮ್ಮ ಮಕ್ಕಳಿಗೆ ಹೊಲದ ಬದುವಿತ್ತು. ಕೈ ಮಾಡಿದ ಕೆಲಸ ಎರಡೂ ಕಡೆ ಒಂದೇ.

ಚಿಕ್ಕದು ಮಾಡುವುದೆಂದರೆ ಎಲ್ಲವನ್ನೂ ಸಮನಾಗಿ ಕುಗ್ಗಿಸುವುದು ಎಂಬ ನಂಬಿಕೆ ಕೆಲಸಕ್ಕೆ ಕೂತ ಮೊದಲ ವಾರದಲ್ಲೇ ಮುರಿಯುತ್ತದೆ. ಲಾರಿಯ ಮಡ್‌ಗಾರ್ಡಿನ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪ. ಅದನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಬರುವುದು ಕಾಗದಕ್ಕಿಂತ ತೆಳು. ಅಂಥದ್ದರಲ್ಲಿ ಕಟ್ಟಿದರೆ ಉಸಿರು ತಾಗಿದರೂ ಮಡಚುತ್ತದೆ. ಹಾಗಾಗಿ ದಪ್ಪ ಹಾಳೆಯನ್ನೇ ತೆಗೆದುಕೊಂಡು, ಕಣ್ಣಿಗೆ ಬೀಳುವ ಅಂಚನ್ನು ಮಾತ್ರ ಒಳಗಡೆಯಿಂದ ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತೇವೆ. ಅಂಚು ತೆಳುವಾದರೆ ಇಡೀ ತಗಡು ತೆಳುವೆಂದು ಕಣ್ಣು ನಂಬುತ್ತದೆ. ಬಣ್ಣದಲ್ಲೂ ಹೀಗೆಯೇ. ಒಂದಡಿ ದೂರದಲ್ಲಿಟ್ಟು ನೋಡುವ ಮಾದರಿ, ಇಪ್ಪತ್ತನಾಲ್ಕು ಅಡಿ ಆಚೆ ನಿಂತ ಲಾರಿಗೆ ಸಮ. ಅಷ್ಟು ದೂರದ ವಸ್ತುವಿನ ಹೊಳಪು ತಗ್ಗಿರುತ್ತದೆ, ಬಣ್ಣ ಒಂದಿಷ್ಟು ತಿಳಿಯಾಗಿರುತ್ತದೆ. ಆದ್ದರಿಂದ ಲಾರಿಗೆ ಬಳಿದ ಅದೇ ಬಣ್ಣವನ್ನು ತಂದು ಮಾದರಿಗೆ ಬಳಿದರೆ ಆಟಿಕೆಯಾಗುತ್ತದೆ. ತುಸು ಬಿಳಿ ಬೆರೆಸಬೇಕು. ಟೈರಿಗೆ ಶುದ್ಧ ಕಪ್ಪು ಹಚ್ಚುವವರೇ ಇಲ್ಲ, ಗಾಢ ಬೂದು ಹಚ್ಚುತ್ತಾರೆ.

ಎಲ್ಲಕ್ಕಿಂತ ನನ್ನನ್ನು ಹಿಡಿದಿಟ್ಟಿರುವುದು ಕೊಳೆ. ಬಣ್ಣ ಒಣಗಿದ ಮೇಲೆ ಬರುವ ಈ ಹಂತದಲ್ಲಿ ಕೈ ಅವಸರಪಡುತ್ತದೆ. ತುಕ್ಕು ಚೆಂದ ಕಾಣುತ್ತದೆಂದು ಕಂಡಲ್ಲೆಲ್ಲ ಕಂದು ಬಣ್ಣ ಒತ್ತುವ ಆಸೆ. ನಿಂತ ಲಾರಿಗಳನ್ನು ನೋಡಿದವರಿಗೆ ಅದು ಆಗದ ಕೆಲಸ. ತುಕ್ಕು ನೀರು ನಿಲ್ಲುವ ಕಡೆ ಹುಟ್ಟುತ್ತದೆ: ಬಾಗಿಲಿನ ಕೆಳ ಅಂಚು, ಕಿಟಕಿಯ ರಬ್ಬರಿನ ಮೂಲೆ, ಬ್ಯಾಟರಿ ಪೆಟ್ಟಿಗೆಯ ತಳ. ಬಣ್ಣ ಸವೆಯುವುದು ಕೈಕಾಲು ತಾಗುವ ಕಡೆ: ಹತ್ತುವ ಮೆಟ್ಟಿಲು, ಹಿಡಿ, ಡ್ರೈವರಿನ ಮೊಣಕೈ ಊರುವ ಕಿಟಕಿ ಅಂಚು. ಹಗ್ಗ ಎಳೆದು ಬಿಗಿಯುವ ಕೊಕ್ಕೆಗಳ ಮೇಲೆ ಹಲಗೆ ನುಣ್ಣಗಾಗಿರುತ್ತದೆ. ಡೀಸೆಲ್ ಟ್ಯಾಂಕಿನ ಬಾಯಿಂದ ಸೋರಿದ ಗೆರೆಗೆ ಧೂಳು ಮೆತ್ತಿ ಕಪ್ಪಗಾಗಿರುತ್ತದೆ. ಒಂದೊಂದಕ್ಕೂ ಕಾರಣವಿದೆ, ಕಾರಣದ ಹಿಂದೆ ಒಬ್ಬ ಮನುಷ್ಯನ ದಿನಚರಿಯಿದೆ. ಕಾರಣವಿಲ್ಲದ ಕಡೆ ತುಕ್ಕು ಹಚ್ಚಿದರೆ, ಆ ಮನುಷ್ಯನ ಬಗ್ಗೆ ಸುಳ್ಳು ಹೇಳಿದಂತೆ ನನಗೆ ಅನಿಸುತ್ತದೆ. ಯಾರೂ ಪತ್ತೆ ಮಾಡಲಾರರು, ನಿಜ. ಆದರೂ ಹಚ್ಚಲು ಮನಸ್ಸು ಬರುವುದಿಲ್ಲ.

ಹೊರೆಯೂ ತನ್ನ ಗುರುತು ಬಿಡುತ್ತದೆ. ತೆರಕಣಾಂಬಿ ಮಾರುಕಟ್ಟೆಯಿಂದ ಕೇರಳಕ್ಕೆ ತರಕಾರಿ ಹೊರುವ ಗಾಡಿಯ ತೊಟ್ಟಿಯಲ್ಲಿ ಹಲಗೆಗಳ ಸಂದಿನಿಂದ ನೀರು ಜಿನುಗಿ, ಕೆಳಗಿನ ಚೌಕಟ್ಟಿನ ಮೇಲೆ ಉದ್ದನೆಯ ಕಪ್ಪು ಗೆರೆಗಳು ಇಳಿದಿರುತ್ತವೆ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಕಬ್ಬು ತುಂಬಿ ಹೋಗುವ ಲಾರಿಯ ಹೊರೆ ಮೈಯಿಂದ ಆಚೆ ಚಾಚಿರುತ್ತದೆ. ಹಾಸನೂರಿನ ಕಾಡಂಚಿನಲ್ಲಿ ಆನೆಗಳು ಆ ಕಬ್ಬಿಗಾಗಿಯೇ ದಾರಿಗೆ ಬಂದು ನಿಲ್ಲುತ್ತವೆ, ಅದನ್ನು ದಾಟಿದರೆ ದಿಂಬಂ ಘಾಟಿನ 27 ತಿರುವು. ಚಾಮರಾಜನಗರದ ಕರಿಕಲ್ಲು ಹೊರುವ ಗಾಡಿಯ ಮೇಲೆ ಸರಪಳಿ ಉಜ್ಜಿದ ಗಾಯಗಳು, ಕಲ್ಲಿನ ಬೂದು ಪುಡಿ. ಆ ಕಲ್ಲನ್ನು ಮಾದರಿಗೆ ಇಳಿಸುವಾಗ ಒಂದು ಸೋಜಿಗ ನಡೆಯುತ್ತದೆ. ಕರಿಕಲ್ಲಿನ ಕಣ ಎಷ್ಟು ನುಣುಪೆಂದರೆ ನಿಜವಾದ ಚೂರನ್ನೇ ಕತ್ತರಿಸಿ ಇಡಬಹುದು. 2.4 ಮೀಟರ್ ಉದ್ದ, 1.2 ಮೀಟರ್ ಅಗಲ, ಅಷ್ಟೇ ಎತ್ತರದ ದಿಮ್ಮಿ ಹತ್ತು ಟನ್ನಿಗೂ ತುಸು ಹೆಚ್ಚು ತೂಗುತ್ತದೆ. ಮಾದರಿಯಲ್ಲಿ ಅದು ಹತ್ತು ಸೆಂಟಿಮೀಟರ್ ಉದ್ದ, ಐದೈದು ಸೆಂಟಿಮೀಟರ್ ಅಗಲ, ಎತ್ತರ. ತೂಕ ಸುಮಾರು 750 ಗ್ರಾಂ. ಅದನ್ನಿಟ್ಟರೆ ಸನ್‌ಬೋರ್ಡಿನ ಚಾಸಿ ಬಾಗುತ್ತದೆ, ಒಳಗೆ ಕಬ್ಬಿಣದ ತಂತಿ ಕೂರಿಸಬೇಕು. ಹಿಂದಿನ ಕಮಾನು ಪಟ್ಟಿಗಳನ್ನು ಚಪ್ಪಟೆಯಾಗಿ ಕತ್ತರಿಸಬೇಕು. ಹೊರೆ ಹೊತ್ತ ಲಾರಿಯ ಪಟ್ಟಿ ಬಿಲ್ಲಿನಂತೆ ಬಾಗಿದ್ದರೆ ಕಲ್ಲು ಟೊಳ್ಳೆಂದು ನೋಡುವವರಿಗೆ ಕೂಡಲೇ ಗೊತ್ತಾಗುತ್ತದೆ.

ಧೂಳಿಗೆ ಇಲ್ಲಿಯ ಮಣ್ಣನ್ನೇ ಬಳಸುತ್ತೇನೆ. ಗುಂಡ್ಲುಪೇಟೆ ಕಡೆಯ ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಸೋಸಿದರೆ ಸಾಲದು; ಕಣ್ಣಿಗೆ ಹಿಟ್ಟಿನಷ್ಟು ನುಣ್ಣಗಿದ್ದರೂ ಈ ಅಳತೆಯಲ್ಲಿ ಅದು ಜಲ್ಲಿ. ನೀರಿನಲ್ಲಿ ಕದಡಿ, ದಪ್ಪ ಕಣ ತಳಕ್ಕಿಳಿಯಲು ಬಿಟ್ಟು, ಮೇಲೆ ಉಳಿದ ಕೆಂಪು ನೀರನ್ನು ಬಸಿದು ಒಣಗಿಸಿದರೆ ಸಿಗುವ ಪುಡಿಯೇ ಧೂಳು. ಈ ಕೆಲಸಗಳಿಗೆ ಬೆಳಗಿನ ಹೊತ್ತು ಒಳ್ಳೆಯದು. ಸ್ಪ್ರೇ ಮಾಡಲು ಮಾತ್ರ ಬಿಸಿಲೇರುವವರೆಗೆ ಕಾಯಬೇಕು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಕೂತಿರುವಾಗ ಲ್ಯಾಕರ್ ಹೊಡೆದರೆ ಗಾಳಿಯ ಪಸೆ ಬಣ್ಣದೊಳಗೆ ಸಿಕ್ಕಿಕೊಂಡು ಬಿಳಿಚಿಕೊಳ್ಳುತ್ತದೆ.

ಇಷ್ಟು ಸಣ್ಣದರಲ್ಲಿ ಇಷ್ಟು ಕಷ್ಟ ಯಾತಕ್ಕೆ ಎಂದು ಮನೆಗೆ ಬಂದವರು ಕೇಳುತ್ತಾರೆ. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆ ಮಂಟಪಕ್ಕೆ ಹೋಗಿ ಬನ್ನಿ ಎನ್ನುತ್ತೇನೆ. ಮೂಲೆಗಳಲ್ಲಿ ಕಲ್ಲಿನ ಬಳೆಗಳು ಒಂದರೊಳಗೊಂದು ತೂಗುತ್ತವೆ, ಅಖಂಡ ಕಲ್ಲಿನಲ್ಲೇ ಬಿಡಿಸಿ ತೆಗೆದವು. ಆ ಬಳೆಗಳು ಮಂಟಪವನ್ನು ಹೊತ್ತಿಲ್ಲ, ಮಳೆ ತಡೆಯುವುದಿಲ್ಲ. ಕಡೆದವರಿಗೆ ಅದು ಬೇಕೆನಿಸಿತ್ತು, ಕೈಗೆ ಬರುತ್ತಿತ್ತು. ನನ್ನದು ಆ ಎತ್ತರದ ಕೆಲಸವಲ್ಲ. ಆದರೂ ಅಲ್ಲಿ ನಿಂತಾಗ ಪರಕೀಯನೆನಿಸುವುದಿಲ್ಲ.

ಈಗೀಗ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ಹಿಂದೆ ಕಂಪನಿಗಳಿಂದ ಎಂಜಿನ್ನು, ಚಾಸಿ, ಮುಂದಿನ ಮುಖ ಮಾತ್ರ ಬರುತ್ತಿತ್ತು. ಕ್ಯಾಬಿನ್ನೂ ತೊಟ್ಟಿಯೂ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಬಡಗಿಗಳ ಕೈಯಲ್ಲಿ ಏಳುತ್ತಿದ್ದವು. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಒಟ್ಟು ತೂಕ 3.5 ಟನ್ನಿಗೂ ಮೇಲಿರುವ ಸರಕು ವಾಹನಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ. ಎಂಜಿನ್ನಿನ ಕಾವಿನ ಪಕ್ಕದಲ್ಲಿ ಹಗಲೆಲ್ಲ ಬೇಯುವ ಡ್ರೈವರುಗಳಿಗೆ ಇದು ಎಂದೋ ಸಿಗಬೇಕಿತ್ತು, ನನಗೆ ಸಂತೋಷವೇ. ಅದರ ಜೊತೆಗೆ ಮರದ ಕ್ಯಾಬಿನ್ನು ಮೆಲ್ಲನೆ ರಸ್ತೆಯಿಂದ ಇಳಿಯುತ್ತದೆ, ಇಳಿಯುತ್ತಲೂ ಇದೆ. ಮರದ್ದೇ ಆದ ತೇರಿನ ಕಥೆ ಬೇರೆ. ಚಾಮರಾಜನಗರದ ಚಾಮರಾಜೇಶ್ವರನ ದೊಡ್ಡ ರಥ 2017ರಲ್ಲಿ ಬೆಂಕಿಗೆ ತುತ್ತಾಯಿತು. ತೇರಿಲ್ಲದ ಆಷಾಢಗಳು ಕಳೆದು 2022ರಲ್ಲಿ ಹೊಸ ರಥ ಎಳೆದರು, ನವದಂಪತಿಗಳು ಮತ್ತೆ ಹಣ್ಣು ಜವನ ಎಸೆದರು. ತೇರಿಗೆ ಶಿಲ್ಪಶಾಸ್ತ್ರವಿದೆ, ಆಯವಿದೆ, ಹೋದರೆ ಮತ್ತೆ ಕಟ್ಟಬಲ್ಲರು. ಮರದ ಲಾರಿಗೆ ಅಂಥ ಗ್ರಂಥವಿಲ್ಲ. ಮೇಸ್ತ್ರಿಯ ಕೈಯಲ್ಲಿದ್ದ ಅಳತೆ ಮೇಸ್ತ್ರಿಯೊಂದಿಗೇ ಹೋಗುತ್ತದೆ.

ಹಳೆಯ ಕಾರುಗಳಿಗೆ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ಕಟ್ಟಿದ 'ಪಯಣ' ಸಂಗ್ರಹಾಲಯವಿದೆ, ಅಂದವಾಗಿ ಕಾಪಾಡಿದ್ದಾರೆ. ತರಕಾರಿ ಹೊತ್ತು ಸವೆದ ಲಾರಿಗಳು ಗುಜರಿಗೇ ಹೋಗುತ್ತವೆ. ಆದ್ದರಿಂದ ನಮ್ಮ ಜಿಲ್ಲೆಯ ಕೆಎ 10 ನಂಬರಿನ ಮರದ ಕ್ಯಾಬಿನ್ ಎಲ್ಲಿ ನಿಂತದ್ದು ಕಂಡರೂ, ಮಾದರಿ ಕಟ್ಟುವ ಆಸೆಯಿರುವ ಹುಡುಗ ಹುಡುಗಿಯರು ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು ಹೋಗಲಿ. ಮೊದಲು ಬಾಗಿಲಿನ ಅಗಲ, ನೆಲದಿಂದ ಮೆಟ್ಟಿಲಿಗಿರುವ ಎತ್ತರ. ಆಮೇಲೆ ಗಾಜಿನ ಮೇಲಿನ ಗೂಡು, ಮಾದಪ್ಪನ ಪಟ ಇರುತ್ತದಲ್ಲ, ಅದರ ಆಳ. ಸೀಟಿನ ಹಿಂದೆ ಒರಗಲು ಹಾಕಿಸಿದ ಹಲಗೆಯ ಉದ್ದವನ್ನು ಮಾತ್ರ, ಅದರ ಮೇಲೆ ಮಲಗುವವರು ಎದ್ದ ಮೇಲೆ, ಅವರನ್ನು ಕೇಳಿಯೇ ಅಳೆಯಬೇಕು.