ಸಮವಸ್ತ್ರದ ‘ಸಮ’

ಅಂತಾರಾಷ್ಟ್ರೀಯ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಹೊರಡುವ ದೇಶದ ತಂಡದ ಪಟ್ಟಿಯಲ್ಲಿ 12 ಹೆಸರುಗಳಿರುತ್ತವೆ. ಐವರು ಅಂಕಣಕ್ಕಿಳಿದರೆ ಉಳಿದವರು ಬೆಂಚಿನ ಮೇಲೆ ಸರದಿ ಕಾಯುತ್ತಾರೆ. ಹನ್ನೆರಡೂ ಜನರದು ಒಂದೇ ಬಣ್ಣದ ಅಂಗಿ, ಒಂದೇ ಬಣ್ಣದ ಚಡ್ಡಿ. ಅಂಗಿಯ ಮೇಲಿನ ಸಂಖ್ಯೆ ಮಾತ್ರ ಒಬ್ಬೊಬ್ಬರದು ಒಂದೊಂದು. ಬಹುಕಾಲ ಆ ಸಂಖ್ಯೆಗಳು 4ರಿಂದ 15ರವರೆಗೆ ಇದ್ದವು: ಹನ್ನೆರಡು ಜನಕ್ಕೆ ಹನ್ನೆರಡು. ಬಣ್ಣ ಅವರನ್ನು ಒಂದುಗೂಡಿಸುತ್ತದೆ, ಸಂಖ್ಯೆ ಅವರನ್ನು ಮತ್ತೆ ಬಿಡಿಬಿಡಿಯಾಗಿ ತೋರಿಸುತ್ತದೆ. ಫೌಲ್ ಮಾಡಿದವರು ಯಾರೆಂದು ರೆಫರಿ ಬೆರಳೆತ್ತಿ ಹೇಳುವುದು ಸಂಖ್ಯೆಯಿಂದಲೇ. ಆಟಕ್ಕೆ ಎರಡೂ ಬೇಕು.

ಈ ಉಡುಪಿಗೆ ಆಟಗಾರ್ತಿಯ ಧರ್ಮ ಇನ್ನೊಂದು ತುಂಡು ಬಟ್ಟೆಯನ್ನು ಸೇರಿಸಿದರೆ ಏನಾಗಬೇಕು ಎಂಬ ಪ್ರಶ್ನೆ 2014ರ ಸೆಪ್ಟೆಂಬರ್ 24ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಎದುರಾಯಿತು. ಏಷ್ಯನ್ ಕ್ರೀಡಾಕೂಟದಲ್ಲಿ ಅಂದು ಕತಾರ್ ಮಹಿಳಾ ತಂಡ ಮಂಗೋಲಿಯಾದ ವಿರುದ್ಧ ಆಡಬೇಕಿತ್ತು. ಆಟಗಾರ್ತಿಯರು ತೊಟ್ಟಿದ್ದ ಹಿಜಾಬನ್ನು ತೆಗೆಯಬೇಕೆಂದು ಅಧಿಕಾರಿಗಳು ಹೇಳಿದರು, ಅವರು ಒಪ್ಪಲಿಲ್ಲ. ಆಡದೆಯೇ ಪಂದ್ಯ ಮಂಗೋಲಿಯಾದ ಪಾಲಾಯಿತು. ನೇಪಾಳದ ವಿರುದ್ಧದ ಪಂದ್ಯಕ್ಕೂ ಕತಾರ್ ಬರಲಿಲ್ಲ. ಕೂಟದಿಂದಲೇ ಹಿಂದೆ ಸರಿಯಿತು. ಅದೇ ಕೂಟದ ಬೇರೆ ಆಟಗಳಲ್ಲಿ ತಲೆವಸ್ತ್ರ ತೊಟ್ಟವರು ಸ್ಪರ್ಧಿಸುತ್ತಿದ್ದರು. ತಡೆದದ್ದು ಬ್ಯಾಸ್ಕೆಟ್‌ಬಾಲಿನ ವಿಶ್ವ ಸಂಸ್ಥೆಯಾದ ಫಿಬಾದ ನಿಯಮ. ಇತರ ಆಟಗಾರರಿಗೆ ಗಾಯ ಮಾಡಬಹುದಾದ ಯಾವ ವಸ್ತುವನ್ನೂ ಧರಿಸಬಾರದು ಎಂಬ ಕಲಮಿನಲ್ಲಿ ತಲೆಯ ಮೇಲಿನ ತೊಡುಗೆಯೂ ಸೇರಿತ್ತು. ಬೆವರು ತಡೆಯುವ ಕಿರಿದಾದ ಪಟ್ಟಿಗಷ್ಟೇ ಅವಕಾಶವಿತ್ತು.

ಆ ಕಲಮು ಯಾವ ಧರ್ಮವನ್ನೂ ಹೆಸರಿಸಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಚೀನಾದ ವೂಹಾನ್‌ನಲ್ಲಿ ನಡೆದ ಪುರುಷರ ಏಷ್ಯಾ ಕಪ್‌ನಲ್ಲಿ ಭಾರತದ ಅಮೃತಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಅವರಿಗೆ ಸಿಖ್ಖರ ತಲೆವಸ್ತ್ರವಾದ ಪಟ್ಕಾ ಬಿಚ್ಚಿ ಆಡುವಂತೆ ಹೇಳಿದ್ದೂ ಇದೇ ನಿಯಮದ ಬಲದಿಂದ. ಅವರು ಬಿಚ್ಚಿ ಆಡಿದರು. ಹೀಗೆ ಒಂದೇ ನಿಯಮದ ಮುಂದೆ ಇಬ್ಬರು ತಮ್ಮ ಬಟ್ಟೆಯನ್ನು ಬಿಟ್ಟರು, ಒಂದು ತಂಡ ಆಟವನ್ನೇ ಬಿಟ್ಟಿತು. ಅಮೆರಿಕದ ಬಿಲ್ಕಿಸ್ ಅಬ್ದುಲ್ ಖಾದಿರ್ ತೆತ್ತ ಬೆಲೆ ಇನ್ನೊಂದು ಬಗೆಯದು. ಮ್ಯಾಸಚೂಸೆಟ್ಸ್ ರಾಜ್ಯದ ಹೈಸ್ಕೂಲ್ ಆಟದಲ್ಲಿ 3,070 ಅಂಕ ಗಳಿಸಿ ದಾಖಲೆ ಮಾಡಿದ್ದ, ಹಿಜಾಬ್ ತೊಟ್ಟೇ ಕಾಲೇಜು ತಂಡಗಳಲ್ಲಿ ಆಡಿದ್ದ ಈಕೆಗೆ ಯುರೋಪಿನ ವೃತ್ತಿಪರ ಆಟದ ಬಾಗಿಲು ತೆರೆಯಲಿಲ್ಲ. ಹೀಗೆ ಹೊರಗುಳಿದವರ ಹೆಸರು ಯಾವ ತಂಡದ ಪಟ್ಟಿಯಲ್ಲೂ ಇರುವುದಿಲ್ಲ. ಪಟ್ಟಿ ಬಂದವರನ್ನು ಎಣಿಸುತ್ತದೆ, ಬಾರದವರನ್ನು ಎಣಿಸುವ ಪಟ್ಟಿಯನ್ನು ಯಾರೂ ಬರೆದಿಡುವುದಿಲ್ಲ.

ಫಿಬಾ 2014ರಲ್ಲೇ, ದೇಶದೊಳಗಿನ ಪಂದ್ಯಗಳಿಗೆ ಮಾತ್ರ ಅನ್ವಯವಾಗುವಂತೆ, ತಲೆವಸ್ತ್ರ ತೊಟ್ಟು ಆಡಲು ಬಿಡುವ ಎರಡು ವರ್ಷದ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. 2017ರ ಮೇ ತಿಂಗಳಲ್ಲಿ ಹಾಂಗ್‌ಕಾಂಗ್‌ನಲ್ಲಿ ಸೇರಿದ ಅದರ ಮಹಾಸಭೆ ಹೊಸ ನಿಯಮವನ್ನು ಅಂಗೀಕರಿಸಿತು. ಅದು ಜಾರಿಗೆ ಬಂದದ್ದು ಅಕ್ಟೋಬರ್ 1ರಿಂದ. ನಡುವಿನ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಬೆಂಗಳೂರಿಗೆ ಬಂದಿತ್ತು. ಎರಡನೆಯ ವಿಭಾಗದ ಫೈನಲ್‌ನಲ್ಲಿ ಭಾರತ ಕಝಾಕಸ್ತಾನವನ್ನು 75–73ರಿಂದ ಸೋಲಿಸಿದಾಗ ಹಳೆಯ ನಿಯಮ ತನ್ನ ಕೊನೆಯ ತಿಂಗಳುಗಳಲ್ಲಿತ್ತು. 2019ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಮತ್ತೆ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಬಂದು, ಜಪಾನ್ ಚೀನಾವನ್ನು 71–68ರಿಂದ ಮಣಿಸಿದ ಹೊತ್ತಿಗೆ ಹೊಸ ನಿಯಮ ಜಾರಿಯಲ್ಲಿತ್ತು.

ಹೊಸ ನಿಯಮವನ್ನು ಸಾವಧಾನವಾಗಿ ಓದಬೇಕು. ತಲೆವಸ್ತ್ರ ಕಪ್ಪು, ಬಿಳಿ ಅಥವಾ ತಂಡದ ಅಂಗಿಯ ಪ್ರಧಾನ ಬಣ್ಣದ್ದಾಗಿರಬೇಕು. ತಂಡದಲ್ಲಿ ತೊಡುವವರೆಲ್ಲ ಒಂದೇ ಬಣ್ಣದ್ದನ್ನು ತೊಡಬೇಕು. ಮುಖದ ಯಾವ ಭಾಗವನ್ನೂ ಅದು ಮುಚ್ಚಬಾರದು. ಮುಖ, ಕುತ್ತಿಗೆಗಳ ಸುತ್ತ ತೆಗೆದು ಹಾಕುವ ಕೊಂಡಿಗಳಿರಬಾರದು. ಯಾವ ತುದಿಯೂ ಹೊರಚಾಚಬಾರದು. ತೊಟ್ಟವರಿಗೂ ಎದುರಾಳಿಗೂ ಅದರಿಂದ ಅಪಾಯವಿರಬಾರದು. ಇಷ್ಟೇ. ಧರ್ಮಗ್ರಂಥ ಇದನ್ನು ವಿಧಿಸಿದೆಯೇ, ಆಟಗಾರ್ತಿ ಎಷ್ಟು ಭಕ್ತಿಯವಳು, ಅವಳ ಅಜ್ಜಿ ಇದನ್ನು ತೊಡುತ್ತಿದ್ದಳೇ ಎಂಬ ಪ್ರಶ್ನೆಗಳು ಇಲ್ಲಿಲ್ಲ. ನಿಯಮ ಕೇಳುವುದು ಬಟ್ಟೆಯನ್ನು: ನಿನ್ನಿಂದ ಆಟಕ್ಕೆ ತೊಂದರೆಯುಂಟೇ? ಧರ್ಮವೂ ಇಲ್ಲಿ ಏನನ್ನೋ ಬಿಟ್ಟುಕೊಟ್ಟಿದೆ. ಪಿನ್ನು ಹೋಯಿತು, ಇಷ್ಟದ ಬಣ್ಣ ಹೋಯಿತು, ಇಳಿಬಿದ್ದ ಸೆರಗು ಹೋಯಿತು.

ಸುರಕ್ಷತೆಯ ಹೆಸರಿನಲ್ಲಿ ತಲೆಯ ಬಗ್ಗೆ ಮಾಡಿದ ನಿಯಮ ಧರ್ಮದೊಂದಿಗೆ ಮುಖಾಮುಖಿಯಾದದ್ದು ಆಟದಲ್ಲಿ ಮಾತ್ರವಲ್ಲ. ದ್ವಿಚಕ್ರ ವಾಹನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಪೇಟ ಕಟ್ಟಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿದೆ. ಇನ್ನು ಭದ್ರಾವತಿಯಂಥ ಊರಿನಲ್ಲಿ ತಲೆಯ ಮೇಲಿನ ತೊಡುಗೆಗೆ ಎಷ್ಟು ಅರ್ಥಗಳಿವೆಯೆಂದು ಯಾರಿಗೂ ಹೇಳಿಕೊಡಬೇಕಿಲ್ಲ. 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಬಳಿ ಹೋಗುವವರ ತಲೆಗೆ ಹೆಲ್ಮೆಟ್ ಬೇಕಿತ್ತು. ಆ ಕಾರ್ಖಾನೆಗೆ ಹೆಸರಾದ ವಿಶ್ವೇಶ್ವರಯ್ಯನವರನ್ನು ಮೈಸೂರು ಪೇಟವಿಲ್ಲದೆ ನೆನೆಯುವುದು ಕಷ್ಟ. ಸೆರಗು ಹೊದ್ದ ಹಿರಿಯ ಲಿಂಗಾಯತ ಹೆಂಗಸರು, ಕನ್ನಡಿ ಹೊಲಿದ ಮೇಲುವಸ್ತ್ರದ ಲಂಬಾಣಿ ಹೆಂಗಸರು, ಬುರ್ಖಾದ ಹೆಂಗಸರು, ಪ್ರಾರ್ಥನೆಯ ಹೊತ್ತಿಗೆ ತಲೆಗೆ ಬಟ್ಟೆ ಹಾಕುವ ಕ್ರೈಸ್ತ ಹೆಂಗಸರು ಒಂದೇ ಸಂತೆಯಲ್ಲಿ ತರಕಾರಿ ಆರಿಸುವ ಸೀಮೆ ಇದು.

ಇದೇ ಸೀಮೆಯಲ್ಲಿ 2022ರ ಫೆಬ್ರವರಿಯಲ್ಲಿ ಬಟ್ಟೆ ಜಗಳವಾಯಿತು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಕುರಿತು ಶುರುವಾದ ವಿವಾದ ಘಟ್ಟ ಹತ್ತಿತು. ಫೆಬ್ರವರಿ 5ರಂದು ರಾಜ್ಯ ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು. 8ರಂದು ಶಿವಮೊಗ್ಗದ ಕಾಲೇಜೊಂದರ ಧ್ವಜಸ್ತಂಭಕ್ಕೆ ಕೇಸರಿ ಬಾವುಟ ಏರಿತು, ಕಲ್ಲುಗಳು ಹಾರಿದವು, ನಗರದಲ್ಲಿ ನಿಷೇಧಾಜ್ಞೆ ಜಾರಿಯಾಯಿತು. ರಾಜ್ಯದ ಪ್ರೌಢಶಾಲೆ, ಕಾಲೇಜುಗಳಿಗೆ ಮೂರು ದಿನ ರಜೆ ಘೋಷಣೆಯಾಯಿತು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ತ್ರಿಸದಸ್ಯ ಪೀಠ, ಹಿಜಾಬ್ ಧಾರಣೆ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲ, ಸಮವಸ್ತ್ರದ ವಿಧಿ ನ್ಯಾಯಸಮ್ಮತ ನಿರ್ಬಂಧ ಎಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಾದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅದನ್ನು ತಳ್ಳಿಹಾಕಿ, ಹೆಣ್ಣುಮಗುವಿನ ಶಿಕ್ಷಣವೇ ಮುಖ್ಯ, ಇದು ಕೊನೆಗೆ ಅವಳ ಆಯ್ಕೆಯ ವಿಷಯ ಎಂದರು.

‘ಅತ್ಯಗತ್ಯ ಆಚರಣೆ’ ಎಂಬ ಅಳತೆಗೋಲೂ ಉಡುಪಿಯಿಂದಲೇ ಬಂದದ್ದು. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ 1954ರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳ ಮೂಲಕವೇ ತಿಳಿಯಬೇಕು ಎಂದಿತ್ತು. ಮಠದ ಸ್ವಾತಂತ್ರ್ಯವನ್ನು ಕಾಯಲು ಹುಟ್ಟಿದ ಮಾತು ಅದು. ಕಾಲ ಕಳೆದಂತೆ ಅದೇ ಮಾತು ನ್ಯಾಯಾಧೀಶರನ್ನು ಧರ್ಮಗ್ರಂಥಗಳ ಒಳಗೆ ಕರೆದೊಯ್ದಿತು. ಸಾಲುಗಳನ್ನು ಹುಡುಕಿ, ವ್ಯಾಖ್ಯಾನಗಳನ್ನು ತೂಗಿ, ಇದು ಬೇಕು ಇದು ಬೇಡ ಎಂದು ಹೇಳುವ ಹೊಣೆ ಅವರ ಹೆಗಲೇರಿತು. ಈ ದಾರಿಯಲ್ಲಿ ದೊಡ್ಡ ತೊಡಕಿದೆ. ಗ್ರಂಥ ಕಡ್ಡಾಯ ಮಾಡದ್ದನ್ನೂ ಮನುಷ್ಯರು ಪ್ರಾಣದಂತೆ ಹಿಡಿದಿರುತ್ತಾರೆ. ಕಡ್ಡಾಯ ಮಾಡಿದ್ದನ್ನು ಎಷ್ಟೋ ಜನ ನೆನೆಯುವುದೂ ಇಲ್ಲ. ಹಣೆಯ ವಿಭೂತಿ, ಕೊರಳ ತಾಳಿ, ಕೈಯ ಬಳೆ ಯಾವ ಗ್ರಂಥದ ಎಷ್ಟನೆಯ ಸಾಲು ಎಂದು ಕೇಳಿದರೆ ತೊಟ್ಟವರು ತಬ್ಬಿಬ್ಬಾಗುತ್ತಾರೆ. ಅದರಿಂದ ಆ ವಸ್ತು ಅವರಿಗೆ ಹಗುರವಾಗುವುದಿಲ್ಲ.

ಬಟ್ಟೆಗೂ ಭಕ್ತಿಗೂ ಇರುವ ಸಂಬಂಧವನ್ನು ಕುರಿತ ಕನ್ನಡದ ಅತಿ ದೊಡ್ಡ ಸಂವಾದದ ಇಬ್ಬರೂ ಶಿವಮೊಗ್ಗ ಜಿಲ್ಲೆಯವರು. ಅಕ್ಕಮಹಾದೇವಿ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು, ಅಲ್ಲಮಪ್ರಭು ಅದೇ ತಾಲ್ಲೂಕಿನ ಬಳ್ಳಿಗಾವಿಯವನು. ಶೂನ್ಯಸಂಪಾದನೆಯಲ್ಲಿ, ಉಟ್ಟದ್ದನ್ನು ಬಿಸುಟು ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ತಡೆದು ನಿಲ್ಲಿಸುತ್ತಾನೆ. ಸೀರೆ ಬಿಟ್ಟವಳಿಗೆ ಕೂದಲಿನ ಮರೆ ಏಕೆ ಎಂಬುದು ಅವನ ಪ್ರಶ್ನೆಯ ತಿರುಳು. ಒಳಗೆ ಹಣ್ಣಾಗದೆ ಹೊರಗಿನ ಸಿಪ್ಪೆಯ ಬಣ್ಣ ಮಾಸದು, ನೋಡುವ ನಿಮಗೆ ನೋವಾಗಬಾರದೆಂದು ಮರೆ ಮಾಡಿದೆ ಎಂಬ ಅರ್ಥದ ಉತ್ತರ ಅವಳದು. ಅಲ್ಲಮ ಯಾವ ಆಗಮವನ್ನೂ ತೆರೆಯುವುದಿಲ್ಲ, ಯಾವ ಪಂಡಿತನನ್ನೂ ಕರೆಸುವುದಿಲ್ಲ. ಅವಳನ್ನೇ ಕೇಳುತ್ತಾನೆ, ಅವಳು ಹೇಳುವ ತನಕ ಕೇಳಿಸಿಕೊಳ್ಳುತ್ತಾನೆ. ಬಿಟ್ಟ ಬಟ್ಟೆಗೂ ಹೊದ್ದ ಕೂದಲಿಗೂ ಅರ್ಥ ಕೊಡುವ ಅಧಿಕಾರ ಆ ಸಭೆಯಲ್ಲಿ ಅವಳದಾಗುತ್ತದೆ. ಎಂಟು ನೂರು ವರ್ಷಗಳ ಮೇಲೆ ಅದೇ ಜಿಲ್ಲೆಯ ಹುಡುಗಿಯರ ಬಟ್ಟೆಯ ಚರ್ಚೆಯಲ್ಲಿ ಎಲ್ಲರ ದನಿಯೂ ಕೇಳಿತು, ಆ ಹುಡುಗಿಯರ ದನಿ ಎಲ್ಲಕ್ಕಿಂತ ಕಡಿಮೆ ಕೇಳಿತು.

ಎಲ್ಲ ಸಂಸ್ಥೆಗಳೂ ಅಲ್ಲಮನಂತೆ ಒಬ್ಬೊಬ್ಬರನ್ನೂ ಕೂರಿಸಿ ಕೇಳಲಾರವು. ನಿಯಮಕ್ಕೆ ಅಂತರಂಗ ಕಾಣದು. ಆದ್ದರಿಂದಲೇ ಫಿಬಾ ಕೊನೆಗೆ ಹಿಡಿದ ದಾರಿಗೆ ಬೆಲೆಯಿದೆ. ಅರ್ಥವನ್ನು ತೊಟ್ಟವರಿಗೆ ಬಿಟ್ಟು, ಬಟ್ಟೆ ತನ್ನ ಕೆಲಸಕ್ಕೆ ಅಡ್ಡಿಯೇ ಎಂಬುದನ್ನಷ್ಟೇ ನೋಡುವುದು ಸಂಸ್ಥೆಯೊಂದರ ಕೈಲಾದ ದೊಡ್ಡ ಗೌರವ.

ಇದಕ್ಕೆ ಎದುರು ನಿಲ್ಲುವ ವಾದಗಳು ಹಗುರವಾದವಲ್ಲ. ಸಮವಸ್ತ್ರ ಬಡವ ಬಲ್ಲಿದರ, ಮೇಲು ಕೀಳಿನ ಗುರುತನ್ನು ಅಳಿಸುತ್ತದೆ ಎಂಬುದು ಮೊದಲನೆಯದು. ಸರ್ಕಾರಿ ಶಾಲೆಯ ಅನುಭವ ಅದಕ್ಕೆ ಸಾಕ್ಷಿ. ಆದರೆ ಕನ್ನಡದ ಮಾತೇ ಇಲ್ಲಿ ದಾರಿ ತೋರುತ್ತದೆ. ಸಮವಸ್ತ್ರ ಎಂದೆವು, ಏಕವಸ್ತ್ರ ಎನ್ನಲಿಲ್ಲ. ಮಲೆನಾಡಿನಲ್ಲಿ ಅಣ್ಣತಮ್ಮಂದಿರು ಆಸ್ತಿಯನ್ನು ಸಮ ಹಂಚಿಕೊಂಡರು ಎಂದರೆ ಒಬ್ಬನಿಗೆ ಗದ್ದೆ ಹೆಚ್ಚು, ಇನ್ನೊಬ್ಬನಿಗೆ ಅಡಿಕೆ ತೋಟ ಹೆಚ್ಚು ಬಂದಿರಬಹುದು; ಪಂಚಾಯಿತರು ತೂಗಿ ನೋಡಿ ಯಾರಿಗೂ ಮೋಸವಾಗಲಿಲ್ಲ ಎಂದು ಒಪ್ಪಿದ್ದಾರೆ ಎಂದಷ್ಟೇ ಅರ್ಥ. ತಂಡದ ಅಂಗಿಯೂ ಹಾಗೆಯೇ. ಜಡೆ ಹೆಣೆದವಳು, ಕೂದಲು ಕತ್ತರಿಸಿದವಳು, ತಲೆ ಮುಚ್ಚಿದವಳು ಒಂದೇ ಬಣ್ಣದಲ್ಲಿ ನಿಂತಾಗ ಯಾರ ಚೆಂಡು ಯಾರಿಗೆ ಹೋಗಬೇಕೆಂಬ ಬಗ್ಗೆ ಗೊಂದಲವಾಗದು.

ಎರಡನೆಯ ವಾದ ಇನ್ನೂ ಗಟ್ಟಿ: ತಲೆವಸ್ತ್ರ ಯಾವಾಗಲೂ ಸ್ವಂತ ಆಯ್ಕೆಯಲ್ಲ, ಮನೆಯ ಒತ್ತಾಯ ಅಥವಾ ರಾಜ್ಯದ ಒತ್ತಾಯ ಅದರ ಹಿಂದಿರಬಹುದು. ಇರಾನಿನಲ್ಲಿ ಅದು ಕಾನೂನಿನ ಕಟ್ಟಳೆ. ಹೊಸ ನಿಯಮ ಬಂದ ಮೇಲೆ ಇರಾನಿನ ಮಹಿಳಾ ತಂಡ ಏಷ್ಯಾ ಕಪ್‌ನ ಎರಡನೆಯ ವಿಭಾಗದಲ್ಲಿ ಆಡಿತು. ಅದೇ ದೇಶದ ಎಲ್ನಾಜ್ ರೆಕಾಬಿ 2022ರಲ್ಲಿ ಸೋಲ್‌ನ ಕ್ಲೈಂಬಿಂಗ್ ಸ್ಪರ್ಧೆಯಲ್ಲಿ ತಲೆವಸ್ತ್ರವಿಲ್ಲದೆ ಗೋಡೆ ಹತ್ತಿದಾಗ ಜಗತ್ತು ಅವರ ಕ್ಷೇಮಕ್ಕಾಗಿ ಆತಂಕಪಟ್ಟಿತು. ಒತ್ತಾಯ ಇರುವುದು ನಿಜ. ಆದರೆ ಅಂಕಣದ ಬಾಗಿಲಲ್ಲಿ ಬಟ್ಟೆ ಬಿಚ್ಚಿಸುವುದರಿಂದ ಮನೆಯ ಒತ್ತಾಯ ಕರಗುವುದಿಲ್ಲ, ಹುಡುಗಿ ಅಂಕಣಕ್ಕೆ ಬರುವುದು ನಿಲ್ಲುತ್ತದೆ. ಯಾರ ಮೇಲೆ ಒತ್ತಾಯ ಹೆಚ್ಚೋ ಅವಳೇ ಮೊದಲು ಕಾಣೆಯಾಗುತ್ತಾಳೆ. ಕರ್ನಾಟಕದಲ್ಲಿ ತೀರ್ಪಿನ ನಂತರ ಪರೀಕ್ಷೆ ಬಿಟ್ಟ ವಿದ್ಯಾರ್ಥಿನಿಯರ ಸಂಗತಿ ಇದನ್ನೇ ಹೇಳಿತು. ತೊಡಿಸುವ ಕಾನೂನು, ಬಿಚ್ಚಿಸುವ ಕಾನೂನು ಎರಡರಲ್ಲೂ ಅವಳ ತಲೆಯ ಬಗ್ಗೆ ನಿರ್ಧರಿಸುವವರು ಬೇರೆಯವರೇ.

ಫಿಬಾದ ನಿಯಮಕ್ಕೂ ಮಿತಿಯಿದೆ. ಅದು ಅಂತಾರಾಷ್ಟ್ರೀಯ ಅಂಕಣದ ನಿಯಮ. ದೇಶದೊಳಗಿನ ಆಟದಲ್ಲಿ ಆಯಾ ದೇಶದ ಸಂಸ್ಥೆಯ ಮಾತೇ ನಡೆಯಬಹುದು. ಫ್ರಾನ್ಸಿನ ಬ್ಯಾಸ್ಕೆಟ್‌ಬಾಲ್ ಒಕ್ಕೂಟ 2022ರ ಡಿಸೆಂಬರಿನಲ್ಲಿ ತನ್ನ ಪಂದ್ಯಗಳಲ್ಲಿ ಧಾರ್ಮಿಕ ತಲೆವಸ್ತ್ರವನ್ನು ನಿಷೇಧಿಸಿತು. ಆ ದೇಶದ ಕಿರಿಯರ ತಂಡದಲ್ಲಿ ಆಡಿದ್ದ ಡಿಯಾಬಾ ಕೊನಾಟೆ ಅಮೆರಿಕದ ಕಾಲೇಜು ಅಂಕಣದಲ್ಲಿ ಹಿಜಾಬ್ ತೊಟ್ಟು ಆಡಬಲ್ಲವರಾಗಿದ್ದರು, ತಾಯ್ನಾಡಿನಲ್ಲಿ ಆಡಲಾರದವರಾದರು. ರಾಷ್ಟ್ರೀಯ ತಂಡಕ್ಕೆ ಹೋಗುವ ದಾರಿ ಊರಿನ ಪಂದ್ಯಗಳ ಮೂಲಕವೇ ಸಾಗುವುದರಿಂದ, ಕೆಳಗೆ ಮುಚ್ಚಿದ ಬಾಗಿಲು ಮೇಲೂ ಮುಚ್ಚಿದಂತೆಯೇ. ನಮ್ಮಲ್ಲಿಯೂ ಆ ದಾರಿ ಶಾಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಹೋಗುತ್ತದೆ. ಭದ್ರಾವತಿಯ ಶಾಲೆಯ ಹುಡುಗಿ ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಬರುವ ಮೊದಲು, ಅವಳ ಹೆಸರು ಪಿಟಿ ಮೇಷ್ಟ್ರು ಬರೆಯುವ ಹನ್ನೆರಡು ಹೆಸರಿನ ಹಾಳೆಯ ಮೇಲೆ ಬರಬೇಕು.