ಬೆಕ್ಕನ್ನು ಯಾರಿಗೆ ಒಪ್ಪಿಸಲಿ?

ಹೆಂಗಸರು ನಾಲ್ಕು ದಿನ ಪರಊರಿಗೆ ಹೊರಡುವುದೆಂದರೆ ಸೀರೆ ಮಡಿಚಿ ಚೀಲಕ್ಕೆ ತುಂಬಿದಷ್ಟು ಸುಲಭವಲ್ಲ. ಹಾಲಿನವನಿಗೆ ಬೇಡವೆನ್ನಬೇಕು, ಪೇಪರಿನ ಹುಡುಗನಿಗೆ ಹೇಳಬೇಕು, ಉಳಿದ ದೋಸೆ ಹಿಟ್ಟು ಮುಗಿಸಬೇಕು, ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿದ್ದೇನೆಯೇ ಎಂದು ಮೂರು ಸಲ ನೋಡಬೇಕು, ತುಳಸಿಗೆ ನೀರು ಹಾಕುವವರನ್ನು ಗೊತ್ತು ಮಾಡಬೇಕು, ಬೀಗದ ಕೈಯೊಂದನ್ನು ಪಕ್ಕದ ಮನೆಗೆ ಕೊಡಬೇಕು. ಮನೆಯ ಗಂಡಸರು ಅಂಗಳದಲ್ಲಿ ಚಪ್ಪಲಿ ಮೆಟ್ಟಿ ನಿಂತು “ಇನ್ನೂ ಆಗಲಿಲ್ಲವೇ?” ಎಂದು ಕೂಗುವ ಹೊತ್ತಿಗೆ ನಾವು ಅರ್ಧ ಸಂಸಾರವನ್ನು ಊರಿನವರಿಗೆ ಹಂಚಿ ಮುಗಿಸಿರುತ್ತೇವೆ. ಎಲ್ಲಕ್ಕೂ ಒಂದು ವ್ಯವಸ್ಥೆ ಇದೆ. ಒಂದಕ್ಕೆ ಮಾತ್ರ ಇಲ್ಲ. ಅದು ಅಡುಗೆಮನೆಯ ಮೂಲೆಯಲ್ಲಿ ಮಲಗಿ, ಕಟ್ಟಿಟ್ಟ ಚೀಲಗಳನ್ನು ಅರೆಗಣ್ಣಿನಿಂದ ನೋಡುತ್ತಿರುತ್ತದೆ.

ಹೊರಟವರಿಗೆ ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುತ್ತಾರೆ. ಬೆಕ್ಕು ಸಾಕಿದ ನಮ್ಮಂಥವರಿಗೆ ಆ ಭಯವಿಲ್ಲ. ಅದು ದಿನಕ್ಕೆ ಇಪ್ಪತ್ತು ಸಲ ಅಡ್ಡ ಬರುತ್ತದೆ. ಅಷ್ಟಕ್ಕೆಲ್ಲ ಹಿಂದಿರುಗಿ ಕೂತರೆ ಶಾಲೆಯ ಹಾಜರಿ ಪುಸ್ತಕದಲ್ಲಿ ನನ್ನ ಸಹಿಯೇ ಇರುತ್ತಿರಲಿಲ್ಲ. ಆದರೆ ಪ್ರಯಾಣದ ಹಿಂದಿನ ದಿನ ಬೆಕ್ಕು ಕಾಲಿಗಲ್ಲ, ಮನಸ್ಸಿಗೆ ಅಡ್ಡ ಬರುತ್ತದೆ. ಕರೆದುಕೊಂಡು ಹೋಗಲೋ, ಬಿಟ್ಟು ಹೋಗಲೋ?

ಎರಡು ದಿನದ ಮದುವೆಗೆ ಹೋಗುವಾಗ ಈ ಪ್ರಶ್ನೆ ದೊಡ್ಡದಲ್ಲ. ಮನೆಯನ್ನೇ ಬೇರೆ ಊರಿಗೆ ಸಾಗಿಸುವಾಗಲೂ ದೊಡ್ಡದಲ್ಲ. ಪಾತ್ರೆ ಪಡಗದ ಜೊತೆ ಬೆಕ್ಕೂ ಬರಲೇಬೇಕು. ಕಷ್ಟವಿರುವುದು ನಡುವಿನ ಅವಧಿಯಲ್ಲಿ. ನನಗೆ ಬಂದದ್ದು ಅಂಥ ಸಂದರ್ಭ. ಮಗಳ ಹೆರಿಗೆ ಬೆಂಗಳೂರಿನಲ್ಲಿ. ಬಾಣಂತಿ ತವರಿಗೆ ಬರುವ ಕಾಲ ಹೋಗಿ, ತವರೇ ಬಾಣಂತಿಯ ಬಳಿಗೆ ಹೋಗುವ ಕಾಲ ಇದು. ಬೇಸಿಗೆ ರಜೆಯ ಐವತ್ತು ದಿನ ನಾನೂ ನಮ್ಮ ಯಜಮಾನರೂ ಅಲ್ಲಿರಬೇಕೆಂದು ತೀರ್ಮಾನವಾಯಿತು. ಶಿರಸಿಗೆ ರೈಲಿಲ್ಲ, ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಬೆಂಗಳೂರು. ಇಳಿದ ಮೇಲೆ ಮೂರನೆಯ ಮಹಡಿಯ ಮನೆ, ಒಂದು ಬಾಲ್ಕನಿ, ಒಂದು ತೊಟ್ಟಿಲು. ಇದರಲ್ಲಿ ಎಂಟು ವರ್ಷದ ನಮ್ಮ ಚಿನ್ನಿ ಎಲ್ಲಿ?

ಶಿಕ್ಷಕರ ಕೊಠಡಿಯಲ್ಲಿ ಇದು ಒಂದು ವಾರದ ಚರ್ಚೆಯಾಯಿತು. “ನಾಯಿಗೆ ಯಜಮಾನ ಮುಖ್ಯ, ಬೆಕ್ಕಿಗೆ ಮನೆ ಮುಖ್ಯ. ನೀವು ಹೋದದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ” ಎಂದರು ಗಣಿತದ ಮೇಷ್ಟರು. “ಅಯ್ಯೋ, ಅನ್ನ ಬಿಟ್ಟು ಸತ್ತೇ ಹೋಗುತ್ತದೆ ಅಕ್ಕೋರೆ, ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿಬಿಡಿ” ಎಂದಳು ಹೊಸದಾಗಿ ಬಂದ ಕಿರಿಯ ಶಿಕ್ಷಕಿ. ನಿವೃತ್ತಿಗೆ ಹತ್ತಿರವಿದ್ದ ಒಬ್ಬರು, “ಒಂದು ಗೋಣಿಚೀಲ, ಒಂದು ಹೊಳೆ. ನಮ್ಮ ಕಾಲದಲ್ಲಿ ಅಷ್ಟೇ” ಎಂದು ಚಹಾ ಕುಡಿದರು.

ಆ ಕೊನೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಬೇಡದ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುವ ಪದ್ಧತಿಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ಕಂಡವರೇ. ಕಣ್ಣು ಕಟ್ಟಿದಂತೆ ಒಯ್ದರೆ ದಾರಿ ಮರೆಯುತ್ತದೆಂಬ ಲೆಕ್ಕ. ಕೆಲವು ಹಿಂದಿರುಗಿ ಬರುತ್ತಿದ್ದವು. ಬಾರದವುಗಳ ಸುದ್ದಿಯನ್ನು ಯಾರೂ ಕೇಳುತ್ತಿರಲಿಲ್ಲ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಬಿಟ್ಟುಬಿಡುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಕ್ರೌರ್ಯವೆಂದೇ ಎಣಿಸುತ್ತದೆ. ಕಾಯಿದೆ ಬೇಕಾಗಿಯೂ ಇರಲಿಲ್ಲ. ಎಂಟು ವರ್ಷ ಕೈಯಿಂದ ಅನ್ನ ಹಾಕಿದವರಿಗೆ ಅದು ಗೊತ್ತಿರಬೇಕು.

ಉಳಿದ ಇಬ್ಬರ ಮಾತು ಹಾಗಲ್ಲ, ಎರಡರಲ್ಲೂ ಸತ್ಯವಿದೆ. ಬೆಕ್ಕು ತನ್ನ ಕೆನ್ನೆಯನ್ನು ಬಾಗಿಲಿನ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಮೀನಖಂಡಕ್ಕೆ ಉಜ್ಜುವುದನ್ನು ನಾವು ಮುದ್ದೆಂದುಕೊಳ್ಳುತ್ತೇವೆ. ಮುದ್ದೂ ಹೌದು, ಜೊತೆಗೆ ತನ್ನ ವಾಸನೆಯ ಗುರುತು ಹಚ್ಚುವುದೂ ಹೌದು. ಕೆನ್ನೆಯಲ್ಲಿ ಅದಕ್ಕೆಂದೇ ಗ್ರಂಥಿಗಳಿವೆ. ನಮಗೆ ಮನೆಯೆಂದರೆ ಗೋಡೆ ಮಾಡು. ಅದಕ್ಕೆ ಮನೆಯೆಂದರೆ ತಾನೇ ಬರೆದುಕೊಂಡ ವಾಸನೆಯ ನಕ್ಷೆ. ಹೊಸ ಮನೆಯಲ್ಲಿ ಇಳಿಸಿದ ಬೆಕ್ಕು ಮಂಚದ ಕೆಳಗೆ ಸೇರಿ ದಿನಗಟ್ಟಲೆ ಹೊರಬರದಿರುವುದು ಹಟದಿಂದಲ್ಲ, ಓದಲು ಬಾರದ ಊರಿನಲ್ಲಿ ಇಳಿದವರ ದಿಗಿಲಿನಿಂದ. ಹಾಗೆಂದು ಅದಕ್ಕೆ ಮನುಷ್ಯರು ಬೇಡವೆನ್ನುವುದೂ ಸುಳ್ಳು. ನಮ್ಮೂರಿನ ಪಶುವೈದ್ಯರು ನನಗೆ ಒಂದು ಮಾತು ಹೇಳಿದರು: “ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದನ್ನು ಕೊರಗು ಎಂದು ಬಿಡಬೇಡಿ, ಯಕೃತ್ತಿಗೆ ಕೊಬ್ಬು ಸೇರಿ ಪ್ರಾಣಕ್ಕೇ ಅಪಾಯ.” ಒಯ್ದರೂ ಅಪಾಯ, ಬಿಟ್ಟರೂ ಅಪಾಯ ಎಂದಾಯಿತು.

ಬೆಕ್ಕು ಪ್ರಯಾಣ ಮಾಡದ ಪ್ರಾಣಿಯೇ ಎಂದರೆ ಅದೂ ಅಲ್ಲ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕೊಂದರ ಎಲುಬುಗಳು ದೊರೆತ ಸಂಗತಿ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಮೊದಲು ಬೆಕ್ಕಿನ ಜಾತಿಯೇ ಇರಲಿಲ್ಲ. ಯಾರೋ ದೋಣಿಯಲ್ಲಿ ಸಮುದ್ರ ದಾಟಿಸಿ ತಂದಿದ್ದರು. ಅಂದು ದೋಣಿ ಹತ್ತುವಾಗ ಅದನ್ನು ಯಾರು ಕೇಳಿದ್ದರು? ಬರುತ್ತೀಯಾ ಎಂದು ಕೇಳುವ ಭಾಷೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಇಲ್ಲಿಯೇ ನನಗೆ ಧರ್ಮರಾಯ ನೆನಪಾಗುತ್ತಾನೆ. ಮಹಾಪ್ರಸ್ಥಾನದಲ್ಲಿ ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಉಳಿದದ್ದು ಒಂದು ನಾಯಿ. ಇಂದ್ರನ ರಥ ಎದುರಿಗೆ ನಿಂತಾಗ, ನಂಬಿ ಬಂದದ್ದನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಎಂದವನು ಅವನು. ಪ್ರತಿವರ್ಷ ಈ ಕಥೆ ಹೇಳುವಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಿದ್ದೇನೆ. ಆದರೆ ಆ ನಾಯಿ ತಾನಾಗಿ ಹಿಂಬಾಲಿಸಿ ಬಂದದ್ದು. ಅದು ನಡೆದ ಪ್ರತಿ ಹೆಜ್ಜೆಯೂ ‘ನಾನು ಬರುತ್ತೇನೆ’ ಎಂಬ ಮಾತು. ಧರ್ಮರಾಯನ ಮುಂದಿದ್ದ ಪ್ರಶ್ನೆ ನಂಬಿದವರನ್ನು ಬಿಡುವುದೇ ಎಂಬುದು. ಬೆಕ್ಕು ಸಾಕಿದವಳ ಮುಂದಿರುವುದು ಅದಕ್ಕಿಂತ ಕಗ್ಗಂಟಾದ ಪ್ರಶ್ನೆ: ನಂಬಿದೆ, ಆದರೆ ಹಿಂಬಾಲಿಸುವುದಿಲ್ಲ. ಬೀದಿಯ ತಿರುವಿನವರೆಗೆ ಬಂದು, ಕೂತು, ನೋಡಿ, ಮನೆಗೆ ಮರಳುತ್ತದೆ.

ನಮ್ಮ ಹಿರಿಯರು ಬೆಕ್ಕಿನಿಂದಲೇ ಒಂದು ತತ್ತ್ವವನ್ನೂ ಕಟ್ಟಿದ್ದಾರೆ. ಶ್ರೀವೈಷ್ಣವರಲ್ಲಿ ಭಕ್ತಿಯ ಬಗ್ಗೆ ಎರಡು ನ್ಯಾಯಗಳಿವೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಮರ್ಕಟ ನ್ಯಾಯ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ. ತಾಯಿ ಕತ್ತಿನ ಹಿಂದೆ ಕಚ್ಚಿ ಹಿಡಿದರೆ ಮೈ ಸಡಿಲ ಬಿಟ್ಟು ತೂಗಾಡುತ್ತದೆ. ಅದು ಮಾರ್ಜಾಲ ನ್ಯಾಯ. ಎಲ್ಲ ಭಾರವೂ ಒಯ್ಯುವವಳದು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಾವು ಹೇಳುವುದೂ ಇದನ್ನೇ. ಭಕ್ತಿಗೆ ಇದು ಬಲು ಚೆಂದದ ಮಾತು. ಆದರೆ ಮರಿ ದೊಡ್ಡದಾದ ಮೇಲೆ ಕತ್ತು ಹಿಡಿದೆತ್ತಿ ನೋಡಿ, ಉಗುರು ಹೊರಬರುತ್ತದೆ. ಬೆಳೆದ ಜೀವವನ್ನು ಮರಿಯೆಂದೇ ಎಣಿಸಿ ಒಯ್ಯುವುದಕ್ಕೆ ಪ್ರೀತಿಯೆಂದು ಹೆಸರಿಟ್ಟರೂ ಅದು ಸುಲಭವಾಗಿ ಒಪ್ಪುವುದಿಲ್ಲ.

ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ಬೆಕ್ಕು ಮಾತ್ರ ಇಲ್ಲ, ನಮ್ಮ ದೊಡ್ಡಮ್ಮನೂ ಇದ್ದಾಳೆ. ದೊಡ್ಡಪ್ಪ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಬಹಳ ಪ್ರೀತಿಯಿಂದ ಅವಳನ್ನು ನಾಲ್ಕು ನಾಲ್ಕು ತಿಂಗಳು ಹಂಚಿಕೊಂಡರು. ಯಾರ ಮನೆಯಲ್ಲೂ ಊಟಕ್ಕೆ, ಔಷಧಿಗೆ ಕೊರತೆಯಿರಲಿಲ್ಲ. “ಎಲ್ಲಿರುತ್ತೀಯಮ್ಮ?” ಎಂದು ಕೇಳಿದರೆ “ನೀವು ಹೇಳಿದಲ್ಲಿ” ಎನ್ನುತ್ತಿದ್ದಳು. ಮಕ್ಕಳಿಗೆ ಅದು ಒಪ್ಪಿಗೆಯಂತೆ ಕೇಳಿಸುತ್ತಿತ್ತು. ನನ್ನೆದುರು ಮಾತ್ರ ಒಮ್ಮೆ ಅಂದಳು: “ಹಿತ್ತಿಲ ಬಾವಿಯ ಗಡಗಡೆ ಸದ್ದು ಕೇಳದೆ ಬೆಳಗಾಗುವುದೇ ಇಲ್ಲ ಮಗಾ.” ಮಾತು ಬಲ್ಲವಳೇ ಕೇಳುವವರಿಗೆ ಹಿತವಾದದ್ದನ್ನು ಹೇಳುತ್ತಿದ್ದಳು. ನಾವು ಹೆಂಗಸರು ಇದನ್ನು ಚೆನ್ನಾಗಿ ಬಲ್ಲೆವು. ಮದುವೆಯಾಗಿ, ಗಂಡನ ವರ್ಗಾವಣೆಯಾಗಿ, ಮಕ್ಕಳ ಕೆಲಸವಾಗಿ ನಮ್ಮನ್ನು ಎಷ್ಟು ಸಲ ಎತ್ತಿ ಬೇರೆಡೆ ಇಟ್ಟಿದ್ದಾರೆ! ಹೊಸ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆಯೆಂದು ಕೈ ತಾನಾಗಿ ಕಂಡುಕೊಳ್ಳುವವರೆಗೆ ನಮಗೂ ಅದು ಮನೆಯಾಗಿರಲಿಲ್ಲ. ಇಷ್ಟು ತಿಳಿದ ನಾವು ಮಾತು ಬಾರದ ಜೀವದ ವಿಷಯದಲ್ಲಿ ಇನ್ನಷ್ಟು ಎಚ್ಚರದಿಂದ ಇರಬೇಡವೇ?

ಎಚ್ಚರವೆಂದರೆ ನನ್ನ ಮಟ್ಟಿಗೆ ಒಂದೇ ಕೆಲಸ. ನನ್ನ ಆಸೆ ಅದರ ದನಿಯಲ್ಲಿ ಮಾತಾಡದಂತೆ ನೋಡಿಕೊಳ್ಳುವುದು. ‘ನನ್ನನ್ನು ಬಿಟ್ಟು ಚಿನ್ನಿ ಇರಲಾರದು’ ಎಂದು ನಾನು ಅಂದಾಗ, ಇರಲಾರದವಳು ಯಾರು? ‘ಬೆಕ್ಕಿಗೆ ಮನೆಯೇ ಸಾಕು’ ಎಂದು ಅಂದಾಗ, ಯಾರ ಅನುಕೂಲಕ್ಕೆ ಹಾಗೆ ಅನ್ನುತ್ತಿದ್ದೇನೆ? ಈ ಎರಡು ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿಕೊಂಡರೆ ಅರ್ಧ ಗಂಟು ಬಿಚ್ಚಿಕೊಳ್ಳುತ್ತದೆ. ಉಳಿದರ್ಧ ಕೇವಲ ವ್ಯವಸ್ಥೆಯ ಮಾತು: ಎಷ್ಟು ದಿನ, ಎಂಥ ದಾರಿ, ಅಲ್ಲಿ ಹೇಗೆ, ಇಲ್ಲಿ ಯಾರು. ರಾತ್ರಿಯಿಡೀ ಬಸ್ಸಿನ ಕುಲುಕಾಟ, ಮೂರನೆಯ ಮಹಡಿಯ ತೆರೆದ ಬಾಲ್ಕನಿ, ನಿದ್ದೆಗೆಟ್ಟ ಬಾಣಂತಿ ಒಂದು ಕಡೆ. ಅದರದೇ ಹಿತ್ತಿಲು, ಅದರದೇ ಕಟ್ಟೆ, ಎಂಟು ವರ್ಷದಿಂದ ಅದನ್ನು ಬಲ್ಲ ಪಕ್ಕದ ಮನೆಯಾಕೆ ಇನ್ನೊಂದು ಕಡೆ. ತಕ್ಕಡಿ ಬಿಟ್ಟುಹೋಗುವ ಕಡೆಗೇ ವಾಲಿತು. ಇಲ್ಲಿ ಯಾರೂ ಇಲ್ಲದಿದ್ದರೆ ಬುಟ್ಟಿಯೇ ಸರಿಯಾಗುತ್ತಿತ್ತು. ಹೊರಡುವ ಮುನ್ನ ಹೊಟ್ಟೆ ತುಂಬ ಹಾಕದೆ, ವಾರಗಟ್ಟಲೆ ಮೊದಲೇ ಬುಟ್ಟಿಯಲ್ಲಿ ಮಲಗುವ ರೂಢಿ ಮಾಡಿಸಿ ಒಯ್ಯಬೇಕಿತ್ತು.

ಕನ್ನಡದಲ್ಲಿ ಎಷ್ಟು ಸೂಕ್ಷ್ಮವಾದ ಕ್ರಿಯಾಪದಗಳಿವೆ ನೋಡಿ. ‘ಬಿಟ್ಟುಬಿಡುವುದು’ ಬೇರೆ, ‘ಬಿಟ್ಟುಹೋಗುವುದು’ ಬೇರೆ, ‘ಒಪ್ಪಿಸಿ ಹೋಗುವುದು’ ಬೇರೆ. ಮೊದಲನೆಯದರಲ್ಲಿ ಸಂಬಂಧವೇ ಕಡಿಯುತ್ತದೆ. ಎರಡನೆಯದರಲ್ಲಿ ಹೋಗುವವರ ಅವಸರ ಮಾತ್ರ ಕಾಣುತ್ತದೆ. ಮೂರನೆಯದರಲ್ಲಿ ಇನ್ನೊಬ್ಬರ ಕೈ ಇದೆ. ಮಗಳನ್ನು ಧಾರೆಯೆರೆಯುವಾಗಲೂ ನಾವು ಒಪ್ಪಿಸುವ ಶಾಸ್ತ್ರ ಮಾಡುತ್ತೇವೆ, ಕಣ್ಣೀರು ಬರುವುದು ಆಗಲೇ. ಆದ್ದರಿಂದ ಹೊರಡುವ ವಾರ ಮೊದಲೇ ಪಕ್ಕದ ಮನೆಯಾಕೆ ನಮ್ಮ ಅಡುಗೆಮನೆಗೆ ಬಂದು ಅನ್ನ ಕಲಸಿ ಹಾಕತೊಡಗಿದಳು. ಹಾಸಿಗೆಗೆ ನಾನು ಉಟ್ಟು ಬಿಟ್ಟ ಹಳೆಯ ಸೀರೆ. ಗೋಡೆಗೆ ಪಶುವೈದ್ಯರ ಫೋನ್ ನಂಬರ್. ಒಂದು ಹೊತ್ತು ತಿನ್ನದಿದ್ದರೆ ಇರಲಿ, ಎರಡನೆಯ ದಿನವೂ ತಿನ್ನದಿದ್ದರೆ ಆ ನಂಬರಿಗೆ ಫೋನ್ ಮಾಡಬೇಕೆಂದು ಮಾತಾಯಿತು. “ನನ್ನ ಮೇಲೆ ಬಿಡಿ ಅಕ್ಕೋರೆ” ಎಂದಳು. ಆ ಮಾತು ಕೇಳಿದ ಮೇಲೆಯೇ ನಾನು ಚೀಲ ಎತ್ತಿದ್ದು.

ಐವತ್ತು ದಿನವೂ ಚಿನ್ನಿ ತಿಂದುಂಡು ಚೆನ್ನಾಗಿಯೇ ಇತ್ತು. ಮೊದಲ ಮೂರು ಸಂಜೆ ಮಾತ್ರ ಗೇಟಿನ ಕಂಬದ ಮೇಲೆ ಕತ್ತಲಾಗುವವರೆಗೆ ಕೂತಿತ್ತೆಂದು ಪಕ್ಕದ ಮನೆಯಾಕೆ ಬಹಳ ದಿನಗಳ ನಂತರ ಹೇಳಿದಳು. ಆಗಲೇ ಹೇಳಿದರೆ ನಾನು ಬಾಣಂತಿಯನ್ನು ಬಿಟ್ಟು ಬಂದುಬಿಡುತ್ತಿದ್ದೆನೆಂದು ಹೇಳಿರಲಿಲ್ಲವಂತೆ.

ನಿರ್ಧಾರ ಸರಿಯಾಗಿತ್ತು. ಆದರೂ ಆ ಮೂರು ಸಂಜೆಗಳು ನನ್ನ ಲೆಕ್ಕದಲ್ಲೇ ಇವೆ. ಸರಿಯಾದದ್ದನ್ನು ಮಾಡಿದವರಿಗೆ ನೋವಿನ ಸಾಲ ಇರುವುದಿಲ್ಲವೆಂದು ಯಾರು ಹೇಳಿದರು? ಇಬ್ಬರು ನಮ್ಮ ದಾರಿ ಕಾಯುತ್ತಿರುವಾಗ ಒಬ್ಬರ ಬಳಿಗೆ ಮಾತ್ರ ಹೋಗಬಲ್ಲವರು ನಾವು. ಇನ್ನೊಬ್ಬರಿಗೆ ಕೊಡಬಹುದಾದದ್ದು ಇಷ್ಟೇ: ಒಳ್ಳೆಯ ಕೈಗೆ ಒಪ್ಪಿಸುವುದು, ಹೇಳಿದ ದಿನಕ್ಕೆ ಹಿಂದಿರುಗುವುದು, ಮತ್ತು ಅದು ಕಾದದ್ದನ್ನು ಮರೆಯದಿರುವುದು.